ಬೀಟೆಯನ್ನು ಮಣಿಸುವ ಬಿಸಿ ಕೊಳವೆ: ಮನೆಯಲ್ಲೇ ಕಟ್ಟಿಕೊಳ್ಳಿ

2 ಮಿ.ಮೀ. ದಪ್ಪದ ಬೀಟೆ (ರೋಸ್‌ವುಡ್) ಮರದ ಪಟ್ಟಿಯೊಂದನ್ನು ಕೈಯಲ್ಲಿ ಹಿಡಿದು ಸುಮ್ನೆ ಬಗ್ಗಿಸಿ ನೋಡಿ. ಸ್ವಲ್ಪ ಬಗ್ಗುತ್ತದೆ, ಆಮೇಲೆ ಲಟಕ್ಕನೆ ಮುರಿಯುತ್ತದೆ. ಅದೇ ಪಟ್ಟಿಯನ್ನು ಒದ್ದೆ ಮಾಡಿ, ಬಿಸಿಯಾದ ಕೊಳವೆಯ ಮೇಲಿಟ್ಟು ನಿಧಾನಕ್ಕೆ ಒತ್ತಿ. ಸ್ವಲ್ಪ ಹೊತ್ತಿನಲ್ಲೇ ಅದು ಕೈಗೆ ಮಣಿಯುತ್ತದೆ. ಗಿಟಾರಿನ ಪಕ್ಕದ ಗೋಡೆಗಳಿಗೆ ಆ ತಿರುವು ಬರುವುದು ಹೀಗೆ.

ಮರದ ನಾರುಗಳನ್ನು ಹಿಡಿದಿಟ್ಟಿರುವುದು ಲಿಗ್ನಿನ್ ಎಂಬ ಅಂಟು. ಒದ್ದೆ ಮರ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಈ ಅಂಟು ಮೆತ್ತಗಾಗುತ್ತದೆ, ನಾರುಗಳು ಒಂದರ ಮೇಲೊಂದು ಜರುಗುತ್ತವೆ. ತಣ್ಣಗಾದರೆ ಮತ್ತೆ ಗಟ್ಟಿ. ನಮ್ಮ ಕೆಲಸ ಏನಿದ್ದರೂ ಈ ಎರಡು ಸ್ಥಿತಿಗಳ ನಡುವಿನ ಕೆಲವೇ ಸೆಕೆಂಡುಗಳಲ್ಲಿ.

ಬೀಟೆ ನಮ್ಮ ಪಶ್ಚಿಮ ಘಟ್ಟದ ಮರ. 1969ರಲ್ಲಿ ಅಮೆರಿಕದ ಗಿಟಾರ್ ತಯಾರಕ ಮಾರ್ಟಿನ್ ಕಂಪನಿ ಬ್ರೆಜಿಲ್ ರೋಸ್‌ವುಡ್ ಬಿಟ್ಟು ಭಾರತದ ಬೀಟೆಗೆ ಬದಲಾಯಿಸಿತು. ಇವತ್ತು ಜಗತ್ತಿನ ಎಷ್ಟೋ ಒಳ್ಳೆಯ ಗಿಟಾರುಗಳ ಬೆನ್ನು, ಪಕ್ಕ ಎರಡೂ ಇದೇ ಮರದ್ದು. ಇಲ್ಲಿ ಬೆಳೆದ ಮರವನ್ನು ಇಲ್ಲಿನ ಕೈಗಳೂ ಬಾಗಿಸಿ ಗಿಟಾರ್ ಮಾಡಬೇಕು ಅನ್ನುವುದು ನನ್ನ ಬಹಳ ದಿನಗಳ ಆಸೆ. ಮರ ಕೊಳ್ಳುವಾಗ ಮಾತ್ರ ಬಿಲ್ ಕೊಡುವ ಕಡೆಯಿಂದಲೇ ಕೊಳ್ಳಿ.

ಕೊಳವೆಯನ್ನು ಗ್ಯಾಸ್ ಟಾರ್ಚಿನಿಂದಲೂ ಕಾಯಿಸಬಹುದು. ಆದರೆ ಉರಿ ಏರುಪೇರಾಗುತ್ತದೆ, ಮರ ಸೀಯುತ್ತದೆ. ಕರೆಂಟಿನ ಕೊಳವೆಯಲ್ಲಿ ಶಾಖ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಕಲಿಯುವವರಿಗೆ ಅದೇ ದೊಡ್ಡ ಉಪಕಾರ.

ಬೇಕಾದ ಸಾಮಾನು

65 ಮಿ.ಮೀ. ಹೊರವ್ಯಾಸ, 5 ಮಿ.ಮೀ. ಗೋಡೆ ದಪ್ಪ, 200 ಮಿ.ಮೀ. ಉದ್ದದ ಅಲ್ಯೂಮಿನಿಯಂ ಪೈಪ್. ಗುಜರಿ ಅಂಗಡಿಯಲ್ಲಿ ಹುಡುಕಿದರೆ ಸಿಗುತ್ತದೆ. ಅಳತೆ ಒಂದೆರಡು ಮಿಲಿಮೀಟರ್ ಆಚೀಚೆ ಆದರೆ ಚಿಂತೆ ಇಲ್ಲ. ನೀರಿನ ಜಿ.ಐ. ಪೈಪ್ ಮಾತ್ರ ಬೇಡ. ಅದರ ಮೇಲಿನ ಸತುವಿನ ಲೇಪ ಅತಿಯಾಗಿ ಕಾದರೆ ಬರುವ ಹೊಗೆ ಒಳ್ಳೆಯದಲ್ಲ.

ಪೈಪಿನೊಳಗೆ ಕೂರಲು 120 ಮಿ.ಮೀ. ಉದ್ದದ ಅಲ್ಯೂಮಿನಿಯಂ ದಿಂಡು ಬೇಕು. ಶಾಖಕ್ಕೆ 230 ವೋಲ್ಟ್, 300 ವಾಟ್‌ನ ಕಾರ್ಟ್ರಿಜ್ ಹೀಟರ್ (ಸರಳಿನ ಆಕಾರದ ಹೀಟರ್): 10 ಮಿ.ಮೀ. ದಪ್ಪ, 100 ಮಿ.ಮೀ. ಉದ್ದ. ನಿಯಂತ್ರಣಕ್ಕೆ ಪಿಐಡಿ ಟೆಂಪರೇಚರ್ ಕಂಟ್ರೋಲರ್ (ಶಾಖವನ್ನು ಇಟ್ಟ ಮಟ್ಟದಲ್ಲೇ ನಿಲ್ಲಿಸುವ ಸಾಧನ), ಅದು ಹೇಳಿದಂತೆ ಹೀಟರನ್ನು ಆನ್-ಆಫ್ ಮಾಡುವ ಸಾಲಿಡ್ ಸ್ಟೇಟ್ ರಿಲೇ (ಎಸ್‌ಎಸ್‌ಆರ್), ಶಾಖ ಅಳೆಯಲು ಎಂ6 ಮರೆ (6 ಮಿ.ಮೀ. ಸ್ಕ್ರೂ ಸುತ್ತು) ಇರುವ ಕೆ-ಟೈಪ್ ಥರ್ಮೋಕಪಲ್ ಸೆನ್ಸರ್. ಜೊತೆಗೆ 240 ಡಿಗ್ರಿಯ ಥರ್ಮಲ್ ಫ್ಯೂಸ್, 3 ಆಂಪಿಯರ್ ಫ್ಯೂಸ್, ಸ್ವಿಚ್, ಮೂರು ಪಿನ್ನಿನ ಪ್ಲಗ್. ಬೆಂಗಳೂರಿನವರಿಗೆ ಇದರಲ್ಲಿ ಹೆಚ್ಚಿನವು ಎಸ್.ಪಿ. ರಸ್ತೆಯಲ್ಲೇ ಸಿಗುತ್ತವೆ. ಕಂಟ್ರೋಲರ್ ಕೇಳುವಾಗ ‘ಎಸ್‌ಎಸ್‌ಆರ್ ಔಟ್‌ಪುಟ್’ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಬರೀ ರಿಲೇ ಔಟ್‌ಪುಟ್‌ನದು ಈ ಜೋಡಣೆಗೆ ಬರುವುದಿಲ್ಲ.

ಖರ್ಚು ಉಳಿಸಲು ಬಕೆಟ್‌ನಲ್ಲಿ ನೀರು ಕಾಯಿಸುವ ಕಾಯಿಲನ್ನು ಪೈಪಿನೊಳಗೆ ಇಡೋಣ ಅನ್ನಿಸಬಹುದು. ನಾನು ಹಾಗೆ ಮಾಡಿ ಒಂದು ಕಾಯಿಲ್ ಸುಟ್ಟಿದ್ದೇನೆ. ಅದರ ಶಾಖವನ್ನು ನೀರು ಎಳೆದುಕೊಳ್ಳಬೇಕು, ಗಾಳಿಗೆ ಆ ಶಕ್ತಿ ಇಲ್ಲ. ಫ್ಯಾನ್ ರೆಗ್ಯುಲೇಟರೂ ಬೇಡ, ಅದನ್ನು ಮಾಡಿರುವುದು ಒಂದು ಫ್ಯಾನಿನ ಹೊರೆಗೆ ಮಾತ್ರ.

ಲೇತ್ ಅಂಗಡಿಯ ಕೆಲಸ

ದಿಂಡನ್ನು ಪೈಪಿನ ಒಳವ್ಯಾಸಕ್ಕೆ ಬಿಗಿಯಾಗಿ ಜಾರುವಂತೆ ತಿರುವಿಸಿ. ನಟ್ಟನಡುವೆ ಹೀಟರಿಗೆ ತೂತು ಹೊಡೆಸಿ. ಹೀಟರ್ ಕೈಯಿಂದ ತಳ್ಳಿದರೆ ಹೋಗಬೇಕು, ಆದರೆ ಅಲುಗಾಡಬಾರದು. ಈ ಒಂದು ಅಳತೆಯಲ್ಲಿ ರಾಜಿ ಬೇಡ. ಸುತ್ತ ಗಾಳಿ ಉಳಿದರೆ ಹೀಟರ್ ಒಳಗೊಳಗೇ ಅತಿಯಾಗಿ ಕಾದು ಬೇಗ ಸಾಯುತ್ತದೆ. ತೂತು ಆರುಪಾರಾಗಿರಲಿ. ಮುಂದೊಂದು ದಿನ ಹೀಟರ್ ಕೆಟ್ಟರೆ ಮುಂದಿನಿಂದ ಸರಳು ತೂರಿಸಿ ಹೊರತಳ್ಳಬಹುದು. ದಿಂಡಿನ ಹಿಂಬದಿಯಲ್ಲಿ ಥರ್ಮೋಕಪಲ್‌ಗೆ ಎಂ6 ಮರೆ ಹಾಕಿಸಿ.

ದಿಂಡನ್ನು ಪೈಪಿನ ಮುಂದಿನ ಬಾಯಿಗೆ ಸಮವಾಗಿ ಕೂರಿಸಿ, ಕೆಳಗಡೆಯಿಂದ ಎರಡು ಸ್ಕ್ರೂ ಹಾಕಿ. ಮೇಲ್ಭಾಗದಲ್ಲಿ ಮರ ಉಜ್ಜುತ್ತದೆ, ಅಲ್ಲಿ ಒಂದು ಗೀರೂ ಇರಬಾರದು. ಆಮೇಲೆ ಹೊರಮೈಯನ್ನು ಎಮರಿ ಕಾಗದದಿಂದ ನುಣುಪು ಮಾಡಿ. ಪೈಪ್ ಸಿಗದಿದ್ದರೆ ಗಟ್ಟಿ ಅಲ್ಯೂಮಿನಿಯಂ ರಾಡಿಗೇ ತೂತು ಹೊಡೆಸಬಹುದು. ಕಾಯಲು ಇನ್ನೂ ಸ್ವಲ್ಪ ಹೊತ್ತು ಬೇಕು, ಅಷ್ಟೇ.

ಪೈಪಿನ ಹಿಂಭಾಗವನ್ನು ಕಬ್ಬಿಣದ ಆ್ಯಂಗಲ್ ತುಂಡುಗಳಿಂದ 18 ಮಿ.ಮೀ. ಪ್ಲೈವುಡ್ ಹಲಗೆಗೆ ಬೋಲ್ಟ್ ಮಾಡಿ. ಹಲಗೆಗೂ ಲೋಹಕ್ಕೂ ನಡುವೆ ಎರಡು ಸೆಂ.ಮೀ. ಜಾಗ ಬಿಡಿ, ಗಾಳಿ ಆಡಲಿ. ಶಾಖ ತಡೆಯಲೆಂದು ಹಳೆಯ ಸಿಮೆಂಟ್ ಶೀಟ್ ಕತ್ತರಿಸಲು ಹೋಗಬೇಡಿ, ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಹಲಗೆಯನ್ನು ಮೇಜಿಗೆ ಕ್ಲಾಂಪ್ ಮಾಡಿದಾಗ ಪೈಪ್ ನಿಮ್ಮ ಮೊಣಕೈ ಎತ್ತರಕ್ಕೆ ಬರಬೇಕು.

ವೈರಿಂಗ್

ಇಲ್ಲಿ ಅವಸರ ಮಾಡಬೇಡಿ. 230 ವೋಲ್ಟ್ ಕರೆಂಟು, ಲೋಹದ ಕೊಳವೆ, ಒದ್ದೆ ಮರ, ಒದ್ದೆ ಕೈ: ನಾಲ್ಕೂ ಒಂದೇ ಕಡೆ ಸೇರುವ ಕೆಲಸ ಇದು. ವೈರಿಂಗ್ ಅಭ್ಯಾಸ ಇಲ್ಲದಿದ್ದರೆ ಎಲೆಕ್ಟ್ರೀಷಿಯನ್ ಕೈಲೇ ಮಾಡಿಸಿ.

ಪ್ಲಗ್ಗಿನ ಲೈನ್ ವೈರ್ ಫ್ಯೂಸಿಗೆ, ಅಲ್ಲಿಂದ ಸ್ವಿಚ್ಚಿಗೆ. ಸ್ವಿಚ್ಚಿನಿಂದ ಒಂದು ಕವಲು ಕಂಟ್ರೋಲರಿಗೆ, ಇನ್ನೊಂದು ಸಾಲಿಡ್ ಸ್ಟೇಟ್ ರಿಲೇ ದಾಟಿ, ಥರ್ಮಲ್ ಫ್ಯೂಸ್ ದಾಟಿ ಹೀಟರಿಗೆ. ಹೀಟರಿನ ಇನ್ನೊಂದು ತುದಿ ನ್ಯೂಟ್ರಲ್‌ಗೆ. ಕಂಟ್ರೋಲರಿನಿಂದ ರಿಲೇಗೆ ಹೋಗುವ ಸಣ್ಣ ವೈರುಗಳನ್ನು ಪ್ಲಸ್, ಮೈನಸ್ ನೋಡಿ ಹಾಕಿ. ಪೈಪಿನ ಹತ್ತಿರ ಪಿವಿಸಿ ವೈರ್ ಕರಗುತ್ತದೆ, ಅಲ್ಲಿ ಫೈಬರ್‌ಗ್ಲಾಸ್ ಸ್ಲೀವ್ ಮತ್ತು ಪಿಂಗಾಣಿ ಕನೆಕ್ಟರ್ ಬಳಸಿ.

ಥರ್ಮಲ್ ಫ್ಯೂಸ್ ಯಾಕೆ ಅಂತೀರಾ? ಸಾಲಿಡ್ ಸ್ಟೇಟ್ ರಿಲೇ ಕೆಟ್ಟಾಗ ಸಾಮಾನ್ಯವಾಗಿ ಆನ್ ಆಗಿಯೇ ಉಳಿದುಬಿಡುತ್ತದೆ. ಆಗ ಕಂಟ್ರೋಲರ್ ಎಷ್ಟು ಹೇಳಿದರೂ ಹೀಟರ್ ಕಾಯುತ್ತಲೇ ಇರುತ್ತದೆ. ಪೈಪಿನ ಹಿಂಬದಿಗೆ ಒತ್ತಿ ಕಟ್ಟಿದ ಫ್ಯೂಸ್ ಆಗ ದಾರಿ ಕಡಿಯುತ್ತದೆ. ಅದಕ್ಕೆ ಬೆಸುಗೆ ಹಾಕಬೇಡಿ, ಆ ಶಾಖಕ್ಕೇ ಹೋಗಿಬಿಡುತ್ತದೆ. ಕ್ರಿಂಪ್ ಮಾಡಿ, ಅಂದರೆ ಲೋಹದ ಕನೆಕ್ಟರಿನೊಳಗಿಟ್ಟು ಇಕ್ಕಳದಿಂದ ಒತ್ತಿ.

ಅರ್ಥ್ ವೈರನ್ನು ರಿಂಗ್ ಲಗ್ ಹಾಕಿ ಪೈಪಿಗೇ ಬೋಲ್ಟ್ ಮಾಡಿ. ಪ್ಲಗ್ ಹಾಕುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಅರ್ಥ್ ಪಿನ್ನಿಗೂ ಪೈಪಿಗೂ ಹೆಚ್ಚುಕಡಿಮೆ ಸೊನ್ನೆ ಓಮ್ ಬರಬೇಕು. ಲೈನ್ ಅಥವಾ ನ್ಯೂಟ್ರಲ್‌ಗೂ ಪೈಪಿಗೂ ಸಂಪರ್ಕವೇ ಇರಬಾರದು. ಹೀಟರಿನ ಎರಡು ತುದಿಗಳ ನಡುವೆ ಸುಮಾರು 176 ಓಮ್ ತೋರಿಸಿದರೆ ಸರಿ. 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಇರುವ ಸಾಕೆಟ್ ಬಿಟ್ಟು ಬೇರೆಲ್ಲೂ ಇದನ್ನು ಹಾಕಬೇಡಿ.

ಮೊದಲ ಸಲ ಹಚ್ಚಿದಾಗ ಕಂಟ್ರೋಲರಿನಲ್ಲಿ 60 ಡಿಗ್ರಿ ಇಟ್ಟು ಪರದೆಯನ್ನೇ ನೋಡುತ್ತಿರಿ. ಪೈಪ್ ಬಿಸಿಯಾಗುತ್ತಿದ್ದರೂ ಅಂಕಿ ಇಳಿಯುತ್ತಿದ್ದರೆ ಥರ್ಮೋಕಪಲ್ ವೈರುಗಳು ತಿರುಗುಮುರುಗಾಗಿವೆ. ತಕ್ಷಣ ಪ್ಲಗ್ ಕಿತ್ತು ಅದಲುಬದಲು ಮಾಡಿ. ಹಾಗೇ ಬಿಟ್ಟರೆ ಪೈಪ್ ತಣ್ಣಗಿದೆ ಅಂದುಕೊಂಡು ಕಂಟ್ರೋಲರ್ ಕಾಯಿಸುತ್ತಲೇ ಹೋಗುತ್ತದೆ.

ಕಾವಲಿ ನೋಡಿದ ಹಾಗೆ

ಈಗ 160 ಡಿಗ್ರಿಗೆ ಇಡಿ. ಕಾಲು ಗಂಟೆಯೊಳಗೆ ಪೈಪ್ ಸಿದ್ಧವಾಗುತ್ತದೆ. ಸೆನ್ಸರ್ ದಿಂಡಿನಲ್ಲಿರುವುದರಿಂದ ಹೊರಮೈ ಪರದೆಯ ಅಂಕಿಗಿಂತ ಸ್ವಲ್ಪ ಕಡಿಮೆ ಇರುತ್ತದೆ. ಅದಕ್ಕೇ ನಾನು ಹನಿ ನೀರು ಚಿಮುಕಿಸುತ್ತೇನೆ, ದೋಸೆ ಕಾವಲಿಗೆ ಮಾಡುವ ಹಾಗೆ. ಚುಯ್ ಅಂದು ತಕ್ಷಣ ಆರಿದರೆ ಹದ ಸರಿ. ಹನಿ ಮುತ್ತಿನಂತೆ ಉರುಳಾಡಿದರೆ ಕಾವು ಜಾಸ್ತಿ, ಮರ ಸೀಯುತ್ತದೆ.

ಮೊದಲು ಅದೇ ದಪ್ಪದ ಕಸದ ತುಂಡುಗಳ ಮೇಲೆ ಕೈ ಪಳಗಿಸಿ. ಪಟ್ಟಿಯ ಎಳೆ ಉದ್ದಕ್ಕೂ ನೇರವಾಗಿರಲಿ. ಎಳೆ ಅಡ್ಡ ಹೊರಟ ಕಡೆಯೇ ಅದು ಸೀಳುವುದು. ಬೀಟೆಯನ್ನು ಗಂಟೆಗಟ್ಟಲೆ ನೆನೆಸಬೇಡಿ, ಡೊಂಕಾಗುತ್ತದೆ. ಎರಡೂ ಕಡೆ ನೀರು ಸಿಂಪಡಿಸಿದರೆ ಸಾಕು.

ಗಿಟಾರಿನ ನಡುವಿನ ತಿರುವಿನಿಂದ ಶುರು ಮಾಡಿ. ಹತ್ತಿಯ ಕೈಗವಸು ಹಾಕಿಕೊಳ್ಳಿ, ಆದರೆ ಅದು ಒದ್ದೆಯಾದರೆ ಬದಲಿಸಿ, ಹಬೆ ಸುಡುತ್ತದೆ. ಪಟ್ಟಿಯ ಹೊರಮೈಗೆ ತೆಳು ಸ್ಟೀಲ್ ಪಟ್ಟಿ ಒತ್ತಿ ಹಿಡಿದರೆ ನಾರು ಏಳುವುದಿಲ್ಲ. ಮರವನ್ನು ಹಿಂದೆ ಮುಂದೆ ತೂಗುತ್ತಾ ಹಗುರವಾಗಿ ಒತ್ತಿ. ಹಬೆ ಏಳುತ್ತದೆ, ಬೀಟೆಯ ಸಿಹಿ ವಾಸನೆ ಬರುತ್ತದೆ, ನೇರಳೆ ಛಾಯೆಯ ನೀರು ಪೈಪಿನ ಕೆಳಗೆ ತೊಟ್ಟಿಕ್ಕುತ್ತದೆ. ಅಷ್ಟು ಹೊತ್ತೂ ಪಟ್ಟಿ ನಿಮ್ಮನ್ನು ಎದುರಿಸುತ್ತಿರುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಆ ಬಿಗಿ ಸಡಿಲುತ್ತದೆ. ಅಂಗೈಗೆ ಅದು ಗೊತ್ತಾಗಿಯೇ ಆಗುತ್ತದೆ. ಅದಕ್ಕೂ ಮೊದಲು ಬಲ ಹಾಕಿದರೆ ಮುರಿದಂತೆಯೇ.

ಬೇಕಾದದ್ದಕ್ಕಿಂತ ಒಂದಿಷ್ಟು ಜಾಸ್ತಿ ಬಾಗಿಸಿ, ಬಿಟ್ಟಾಗ ಸ್ವಲ್ಪ ಹಿಂದಕ್ಕೆ ಬರುತ್ತದೆ. ಪೈಪಿನಿಂದ ತೆಗೆದು ತಣ್ಣಗಾಗುವವರೆಗೆ ಕೈಯಲ್ಲೇ ಹಿಡಿದುಕೊಂಡಿರಿ. ಗಿಟಾರಿನ ಆಕಾರ ಬರೆದ ನಕ್ಷೆಯ ಮೇಲಿಟ್ಟು ನೋಡಿ, ವ್ಯತ್ಯಾಸ ಇದ್ದರೆ ಮತ್ತೆ ಪೈಪಿಗೆ. ಹೀಗೆ ತಿರುವಿನಿಂದ ತಿರುವಿಗೆ ಸಾಗಿ. ಪೂರ್ತಿ ಆಕಾರ ಬಂದ ಮೇಲೆ ಅಚ್ಚಿನೊಳಗೆ ಕೂರಿಸಿ, ಕ್ಲಾಂಪ್ ಹಾಕಿ, ರಾತ್ರಿಯಿಡೀ ಒಣಗಲು ಬಿಡಿ. ಕೋಣೆಯಿಂದ ಹೊರಡುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಪೈಪ್ ಇನ್ನೂ ಬಹಳ ಹೊತ್ತು ಸುಡುತ್ತಿರುತ್ತದೆ, ಮನೆಯಲ್ಲಿ ಮಕ್ಕಳಿದ್ದರೆ ಬಾಗಿಲು ಹಾಕಿ.