ಬಿಸಿಲು ನೋಡಿ ಟಿಕೆಟ್: ಏಪ್ರಿಲ್ ತಿಂಗಳ ರಿಗ್ಲಿ ಫೀಲ್ಡ್, ನನ್ನ ಅನುಭವ

ಏಪ್ರಿಲ್‌ನಲ್ಲಿ ರಿಗ್ಲಿ ಫೀಲ್ಡ್‌ಗೆ, ಅಂದರೆ ಶಿಕಾಗೋದ ಕಬ್ಸ್ ತಂಡದ ಬೇಸ್‌ಬಾಲ್ ಮೈದಾನಕ್ಕೆ, ಹೋಗೋದು ಅಂದರೆ ದುಡ್ಡು ಕೊಟ್ಟು ನೆಗಡಿ ಕೊಂಡುಕೊಂಡ ಹಾಗೆ ಎಂದು ನಮ್ಮ ಬಳಗದಲ್ಲಿ ಅನ್ನದವರಿಲ್ಲ. ಜೂನ್‌ವರೆಗೆ ತಡಕೋ ಅನ್ನುವವರೇ ಎಲ್ಲ. ಮೂರು ಸೀಸನ್‌ನಲ್ಲಿ ಮಾರ್ಚ್ ಕೊನೆಯಿಂದ ಮೇ ಮೊದಲ ವಾರದೊಳಗೆ ಹದಿನೆಂಟೋ ಹತ್ತೊಂಬತ್ತೋ ಆಟ ನೋಡಿದ್ದಾಗಿದೆ. ಮೊದಲ ವರ್ಷದ ಐದರಲ್ಲಿ ಮೂರು ಆಟ (ಒಟ್ಟು ಒಂಬತ್ತು ಇನಿಂಗ್ಸ್‌ನಲ್ಲಿ) ಏಳನೇ ಇನಿಂಗ್ಸ್ ಮುಟ್ಟುವ ಮೊದಲೇ ಚಳಿ ತಡೆಯದೆ ಎದ್ದು ಬಂದದ್ದು. ಆಮೇಲಿನ ಎರಡು ವರ್ಷ ಒಂದೂ ಇಲ್ಲ. ತಲೆಗೆ ಖರ್ಚು ಪ್ರಯಾಣ ಸೇರಿ 40 ಡಾಲರ್ ಆಸುಪಾಸು. ನೆಗಡಿ ಅಂದವರು ಜುಲೈ ಶನಿವಾರ 120 ಕೊಟ್ಟು ಕಂಬದ ಹಿಂದೆ ಕೂತು ಬರುತ್ತಾರೆ.

ಗುಟ್ಟು ಬಟ್ಟೆಯಲ್ಲಿಲ್ಲ, ಸೀಟಿನಲ್ಲಿದೆ. ಚಿನ್ನಸ್ವಾಮಿಯಲ್ಲಿ ನೆರಳಿಗೆ ಜಾಸ್ತಿ ದುಡ್ಡು ಕೊಟ್ಟು ಅಭ್ಯಾಸವಾದ ನಮಗೆ ತಲೆ ಮೇಲೆ ಸೂರು ಇರುವ ಸೀಟೇ ಒಳ್ಳೆಯದು ಅನ್ನಿಸುತ್ತದೆ. ನಾನು ಮೊದಲ ವರ್ಷ ಮಾಡಿದ್ದೂ ಅದೇ: ಫಸ್ಟ್ ಬೇಸ್ ಕಡೆಯ (ಬ್ಯಾಟರ್ ಹಿಂದಿನಿಂದ ನೋಡಿದರೆ ಬಲಗಡೆ) ಸೂರಿನ ಕೆಳಗಿನ 200ರ ಸೆಕ್ಷನ್, ಹಿಂದಿನ ಸಾಲು. ಮೂರು ತಪ್ಪು ಒಟ್ಟಿಗೆ. ಕಂಬ ಅಡ್ಡ ಬರುತ್ತದೆ. ಮೇಲಂತಸ್ತಿನ ಅಂಚು ಮೇಲೆ ಹೋದ ಚೆಂಡನ್ನೂ ಸ್ಕೋರ್‌ಬೋರ್ಡನ್ನೂ ನುಂಗುತ್ತದೆ. ಬಿಸಿಲಂತೂ ಆಟ ಮುಗಿದರೂ ಬರುವುದಿಲ್ಲ.

ಕಾರಣ ದಿಕ್ಕು. ರಿಗ್ಲಿಯಲ್ಲಿ ಹೋಮ್ ಪ್ಲೇಟ್ (ಬ್ಯಾಟರ್ ನಿಲ್ಲುವ ಜಾಗ) ನೈಋತ್ಯ ಮೂಲೆಯಲ್ಲಿ, ಕ್ಲಾರ್ಕ್ ಮತ್ತು ಆಡಿಸನ್ ರಸ್ತೆ ಕೂಡುವಲ್ಲಿ. ಅದರ ಎದುರು ತುದಿ, ಸೆಂಟರ್ ಫೀಲ್ಡ್, ಈಶಾನ್ಯಕ್ಕೆ. ಫಸ್ಟ್ ಬೇಸ್ ಸ್ಟ್ಯಾಂಡು ಆಡಿಸನ್ ರಸ್ತೆಯ ಉದ್ದಕ್ಕೆ ಉತ್ತರಕ್ಕೆ ಮುಖ ಮಾಡಿದೆ, ಹಾಗಾಗಿ ಸೂರ್ಯ ಇಡೀ ಮಧ್ಯಾಹ್ನ ಅದರ ಬೆನ್ನಿಗೆ. ಮಧ್ಯಾಹ್ನ 1:20ರ ಆಟ ಶುರುವಾಗುವಾಗ ಸೂರ್ಯ ಹೆಚ್ಚುಕಮ್ಮಿ ನೇರ ದಕ್ಷಿಣದಲ್ಲಿರುತ್ತಾನೆ (ಬೇಸಿಗೆ ಸಮಯಕ್ಕೆ ಗಡಿಯಾರ ಒಂದು ಗಂಟೆ ಮುಂದಿರುತ್ತದಲ್ಲ), ನಾಲ್ಕರ ಹೊತ್ತಿಗೆ ನೈಋತ್ಯ ದಾಟಿರುತ್ತಾನೆ. ಥರ್ಡ್ ಬೇಸ್ ಕಡೆಯ ಹಿಂದಿನ ಸಾಲುಗಳಿಗೆ ಎರಡೂವರೆ ಮೂರಕ್ಕೆ ನೆರಳು ಹತ್ತಲು ಶುರು, ಅದು ಸಾಲು ಸಾಲಾಗಿ ಕೆಳಗಿಳಿಯುತ್ತದೆ. ಲೆಫ್ಟ್ ಫೀಲ್ಡ್ ಬ್ಲೀಚರ್ಸ್ (ಔಟ್‌ಫೀಲ್ಡ್ ಗೋಡೆಯ ಹಿಂದಿನ ಬೆಂಚು ಸಾಲುಗಳು) ಮಾತ್ರ ದಕ್ಷಿಣಕ್ಕೆ ಮುಖ, ತಲೆ ಮೇಲೆ ಏನೂ ಇಲ್ಲ, ಕೊನೆವರೆಗೆ ಬಿಸಿಲು. ನನ್ನ ಮೊದಲ ಆಯ್ಕೆ ಅದೇ. ಮೈದಾನಕ್ಕೆ ಹತ್ತಿರದ 100ರ ಸೆಕ್ಷನ್‌ಗಳಲ್ಲಿ ಲೆಫ್ಟ್ ಫೀಲ್ಡ್ ಮೂಲೆಯ ಮುಂದಿನ ಸಾಲುಗಳು ಎರಡನೇ ಆಯ್ಕೆ.

ಇನ್ನು ಗಾಳಿ. ಮಿಷಿಗನ್ ಸರೋವರ ಪೂರ್ವಕ್ಕೆ ಒಂದು ಮೈಲಿಯೊಳಗೆ. ಏಪ್ರಿಲ್‌ನಲ್ಲಿ ನೀರು ಇನ್ನೂ 40ರ ಫ್ಯಾರನ್‌ಹೀಟ್ (4–5 ಸೆಲ್ಸಿಯಸ್) ಆಸುಪಾಸು. ಈಶಾನ್ಯದ ಗಾಳಿ ಬೀಸಿತೋ, ಅದು ಔಟ್‌ಫೀಲ್ಡ್ ದಾಟಿ ನೇರ ಹೋಮ್ ಪ್ಲೇಟ್ ಕಡೆಯವರ ಮುಖಕ್ಕೆ. ಬ್ಲೀಚರ್ಸ್‌ನವರಿಗೆ ಅದೇ ಗಾಳಿ ಬೆನ್ನಿಗೆ. ಮೇಲಿನ ಸಾಲು ಬಿಟ್ಟು ಕೆಳಗಿನ ನಾಲ್ಕೈದು ಸಾಲು ಹಿಡಿದರೆ ಬೆನ್ನಿಗೂ ಅಷ್ಟಾಗಿ ತಾಗದು. ಯಾವ ಸಾಲಿನ ಯಾವ ತುದಿಯಲ್ಲಿ ಗಾಳಿ ಪೂರ್ತಿ ಸತ್ತಿರುತ್ತದೆ ಅನ್ನೋದು ನನಗೆ ಗೊತ್ತು, ಬರೆಯೋದಿಲ್ಲ. ಬ್ಲೀಚರ್ಸ್‌ನಲ್ಲಿ ಸೀಟ್ ನಂಬರ್ ಇಲ್ಲ, ಮೊದಲು ಬಂದವನದೇ ಜಾಗ. ಬರೆದರೆ ಮುಂದಿನ ಏಪ್ರಿಲ್‌ಗೆ ಅಲ್ಲಿ ನೀವಿರುತ್ತೀರಿ.

ಟಿಕೆಟ್ ಕೊಳ್ಳುವುದು ಆಟದ ಹಿಂದಿನ ರಾತ್ರಿ, ಇಲ್ಲವೇ ಆ ದಿನ ಬೆಳಿಗ್ಗೆ. ಸೀಸನ್ ಶುರುವಿಗೇ ಕೊಂಡಿಟ್ಟರೆ ಹವಾಮಾನದ ಜೂಜು ನಿಮ್ಮ ತಲೆಗೆ. ಮರುಮಾರಾಟದಲ್ಲಿ ಕೊಂಡರೆ ಆ ಜೂಜು ಸೀಸನ್ ಟಿಕೆಟ್ ಇಟ್ಟುಕೊಂಡವನ ತಲೆಗೆ. ಹೋಮ್ ಓಪನರ್ (ತವರಿನ ಮೊದಲ ಆಟ) ಬಿಟ್ಟುಬಿಡಿ, ಆ ದಿನ ಬೆಲೆಗೂ ಥರ್ಮಾಮೀಟರಿಗೂ ಸಂಬಂಧವಿಲ್ಲ. ಎರಡನೇ ವಾರದ ಮಂಗಳವಾರ ಬುಧವಾರ, ದೂರದ ಯಾವುದಾದರೂ ಸಾಧಾರಣ ತಂಡ ಬಂದಿದ್ದರೆ ಬ್ಲೀಚರ್ಸ್ 18ರಿಂದ 28 ಡಾಲರ್‌ಗೆ ಸಿಕ್ಕಿದೆ, ಸೇವಾ ಶುಲ್ಕ ಸೇರಿ. ಒಮ್ಮೆ 11. ಶುಲ್ಕ ಸೇರಿಸದೆ ತೋರಿಸಿದ ಬೆಲೆ ನೋಡಿ ಹಿಗ್ಗಿ ಒಂದೆರಡು ಸಲ ಏಳೆಂಟು ಡಾಲರ್ ಏಟು ತಿಂದದ್ದೂ ಇದೆ.

ಹವಾಮಾನ ನೋಡುವಾಗ ಓಹೇರ್ ವಿಮಾನ ನಿಲ್ದಾಣದ ಅಂಕಿ ನಂಬಬೇಡಿ. ಅದು ಒಳನಾಡು. ಅಲ್ಲಿ 60 ಫ್ಯಾರನ್‌ಹೀಟ್ ಇದ್ದ ದಿನ ಆಡಿಸನ್‌ನಲ್ಲಿ 46 ಇರಬಹುದು. ಉಷ್ಣಾಂಶಕ್ಕಿಂತ ಮೊದಲು ಗಾಳಿಯ ದಿಕ್ಕು ನೋಡುವುದು. ನೈಋತ್ಯ ಅಂದರೆ ಕಣ್ಣು ಮುಚ್ಚಿ ಕೊಳ್ಳಿ, ಬೆಲೆ ಅಷ್ಟರಲ್ಲಿ ಏರಿರುವುದಿಲ್ಲ. ಈಶಾನ್ಯ, ಮೋಡ, ಎರಡೂ ಇದ್ದರೆ ಐದು ಡಾಲರ್‌ಗೂ ಬೇಡ. ಬಿಸಿಲೇ ಇಲ್ಲದ ಮೇಲೆ ಈ ಲೆಕ್ಕವೆಲ್ಲ ಗಂಟು ಕಟ್ಟಿ ಮೂಲೆಗಿಡಿ. ಏಪ್ರಿಲ್ ರಾತ್ರಿ ಆಟಕ್ಕೂ ಅದೇ ಮಾತು. 6:40ಕ್ಕೆ ಶುರುವಾದರೆ ಎರಡನೇ ಇನಿಂಗ್ಸ್ ಹೊತ್ತಿಗೆ ಸೂರ್ಯ ಮನೆಗೆ. ಈ ಮೈದಾನಕ್ಕೆ ದೀಪ ಬಂದದ್ದೇ 1988ರಲ್ಲಿ, ಏಪ್ರಿಲ್ ಮಟ್ಟಿಗೆ ಆ ದೀಪ ಇಲ್ಲವೆಂದೇ ತಿಳಿದುಕೊಳ್ಳಿ.

ಪಿಚ್ ಕ್ಲಾಕ್ (ಪಿಚರ್ ಇಷ್ಟು ಸೆಕೆಂಡಿನೊಳಗೆ ಚೆಂಡು ಎಸೆಯಬೇಕು ಅನ್ನುವ ಗಡಿಯಾರ) ಬಗ್ಗೆ ಹಳಬರು ಗೊಣಗುತ್ತಾರೆ, ನನಗೆ ಅದು ವರದಾನ. 2023ರಲ್ಲಿ ಅದು ಬಂದ ಮೇಲೆ ಆಟದ ಸರಾಸರಿ ಮೂರು ಗಂಟೆ ಚಿಲ್ಲರೆಯಿಂದ 2 ಗಂಟೆ 40 ನಿಮಿಷದ ಹತ್ತಿರಕ್ಕೆ ಇಳಿಯಿತು. ಅಂದರೆ 1:20ರ ಆಟ ನಾಲ್ಕಕ್ಕೆ ಮುಗಿಯುತ್ತದೆ. ಏಪ್ರಿಲ್ ಚಳಿಯಲ್ಲಿ ಆ ಕೊನೆಯ ಇಪ್ಪತ್ತು ನಿಮಿಷವೇ ಮೊದಲಿನ ಒಂದೂವರೆ ಗಂಟೆಗೆ ಸಮ.

ಬ್ಲೀಚರ್ಸ್‌ನ ಒಂದೇ ಕಷ್ಟ ಬೆಂಚು. ಅಲ್ಯೂಮಿನಿಯಂ. ಕೂತ ಹತ್ತು ನಿಮಿಷಕ್ಕೆ ಎಷ್ಟು ಜೀನ್ಸ್ ಹಾಕಿದ್ದರೂ ಕೆಳಗಿನಿಂದ ಶಾಖ ಹೀರಿಬಿಡುತ್ತದೆ. ಕಂಬಳಿ ಮಡಿಸಿ ಹಾಕಿದೆ, ಭಾರಕ್ಕೆ ಒತ್ತಿಕೊಂಡು ಚಪ್ಪಟೆಯಾಗುತ್ತದೆ, ಪ್ರಯೋಜನವಿಲ್ಲ. ಗಾಳಿ ತುಂಬುವ ದಿಂಬು ಜಾರುತ್ತದೆ. ಕ್ಯಾಂಪಿಂಗ್‌ಗೆ ಬರುವ, ನೀರು ಹೀರದ ಗಟ್ಟಿ ಫೋಮ್ ಹಾಸು ಅರ್ಧ ಅಂಗುಲ ದಪ್ಪದ್ದು ಗೆದ್ದಿತು. ಸುಮಾರು 15 ಡಾಲರಿನ ಒಂದು ಹಾಸಿನಲ್ಲಿ 14 ಅಂಗುಲ ಅಗಲದ ತುಂಡು ನಾಲ್ಕೈದು ಬರುತ್ತವೆ. ಒಂದು ಕೂರಲು. ಇನ್ನೊಂದು ಕಾಲ ಕೆಳಗೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಚಳಿ ಮೊದಲು ಹಿಡಿಯೋದು ಪಾದ, ಕಾಂಕ್ರೀಟಿನಿಂದ. ಫೋಮ್ ಇಲ್ಲದ ದಿನ ರಟ್ಟಿನ ಡಬ್ಬ ಹರಿದು ಹಾಕಿದರೂ ನಡೆಯುತ್ತದೆ, ಬಿಯರ್ ಚೆಲ್ಲುವವರೆಗೆ.

ಹತ್ತಿ ಕಾಲುಚೀಲ ಹಾಕಿ ಸ್ಟೇಷನ್‌ನಿಂದ ಬೀಸಾಗಿ ನಡೆದು ಬಂದರೆ ಪಾದ ಬೆವರುತ್ತದೆ, ಮೂರನೇ ಇನಿಂಗ್ಸ್‌ಗೆ ಅದೇ ಬೆವರು ತಣ್ಣಗಾಗಿ ಕಚ್ಚುತ್ತದೆ. ಉಣ್ಣೆ ಜೊತೆ ಒಂದು ಜೇಬಿನಲ್ಲಿ, ಸೀಟಿಗೆ ಬಂದು ಬದಲಿಸುವುದು. ಕೈ ಬಿಸಿ ಮಾಡುವ ಪೊಟ್ಟಣಗಳಲ್ಲಿ ಇರುವುದು ಕಬ್ಬಿಣದ ಪುಡಿ, ಅದು ತುಕ್ಕು ಹಿಡಿಯುವಾಗ ಶಾಖ ಬಿಡುತ್ತದೆ, ತುಕ್ಕಿಗೆ ಗಾಳಿ ಬೇಕು. ಅದನ್ನೇ ಬೂಟಿನೊಳಗೆ ತುರುಕಿ ಕೆಲಸ ಮಾಡಲಿಲ್ಲ ಅನ್ನುವವರು ಬಹಳ. ಬೂಟಿಗೆ ಬೇರೆಯದೇ ಬರುತ್ತದೆ. ಪೊಟ್ಟಣವನ್ನು ರೈಲಿನಲ್ಲಿರುವಾಗಲೇ ಬಿಚ್ಚಬೇಕು, ಕಾವೇರಲು 15–20 ನಿಮಿಷ ತೆಗೆದುಕೊಳ್ಳುತ್ತದೆ. ಆಟ ಮುಗಿದ ಕೂಡಲೇ ಜಿಪ್ ಚೀಲಕ್ಕೆ ಹಾಕಿ ಗಾಳಿ ಒತ್ತಿ ತೆಗೆದು ಮುಚ್ಚಿದರೆ ತುಕ್ಕು ಅಲ್ಲಿಗೇ ನಿಲ್ಲುತ್ತದೆ, ಮುಂದಿನ ಆಟಕ್ಕೆ ಇನ್ನೂ ಮೂರು ಗಂಟೆ ಬರುತ್ತದೆ. ಹೀಗೆ 40 ಜೊತೆಯ ಡಬ್ಬ ಒಂದು ಎರಡು ಸೀಸನ್ ಎಳೆಯಿತು.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಯಾವ ಸೀಟು ಎಷ್ಟು ತಣ್ಣಗಿದೆ ನೋಡೋಣ ಅಂತ 20 ಡಾಲರಿನ ಇನ್‌ಫ್ರಾರೆಡ್ ಥರ್ಮಾಮೀಟರ್ ಒಯ್ದೆ. ಪ್ಲಾಸ್ಟಿಕ್ ಸೀಟು, ಕಾಂಕ್ರೀಟು ಸರಿಯಾದ ಅಂಕಿ ಕೊಟ್ಟವು. ಅಲ್ಯೂಮಿನಿಯಂ ಬೆಂಚು ಮಾತ್ರ ಒಂದು ಸಲ 20 ಫ್ಯಾರನ್‌ಹೀಟ್, ಪಕ್ಕಕ್ಕೆ ವಾಲಿಸಿ ಹಿಡಿದರೆ 51. ಹೊಳೆಯುವ ಲೋಹ ತನ್ನ ಶಾಖವನ್ನು ತೋರಿಸುವುದಿಲ್ಲ, ಆಕಾಶದ್ದೋ ಪಕ್ಕದವನದೋ ಪ್ರತಿಫಲಿಸುತ್ತದೆ. ಮುಂದಿನ ಸಲ ಬೆಂಚಿಗೆ ಕಪ್ಪು ಟೇಪಿನ ತುಂಡು ಅಂಟಿಸಿ ಅದರ ಮೇಲೆ ಅಳೆದರೆ 44, ಅಕ್ಕಪಕ್ಕದ ಕಾಂಕ್ರೀಟ್ 45. ಅಂದರೆ ಎರಡೂ ಒಂದೇ ಚಳಿ, ಲೋಹ ಬೇಗ ಹೀರುತ್ತದೆ ಅಷ್ಟೇ. ಇದರಿಂದ ಆಟ ನೋಡಲು ಏನು ಉಪಯೋಗ ಅಂತ ಕೇಳಬೇಡಿ.

ಸ್ಕೋರ್ ಬರೆಯುವವರಿಗೆ ಎರಡು ಮಾತು. ಬಾಲ್ ಪೆನ್ನು 40 ಫ್ಯಾರನ್‌ಹೀಟ್ ಕೆಳಗೆ ಕೈಕೊಡುತ್ತದೆ, ಶಾಯಿ ಮಂದವಾಗಿ 6-4-3ರ (ಚೆಂಡು ಯಾರಿಂದ ಯಾರಿಗೆ ಹೋಯಿತು ಅನ್ನುವ ಫೀಲ್ಡರ್ ಸಂಖ್ಯೆಗಳು) ನಡುವಿನ 4 ಮೂಡುವುದೇ ಇಲ್ಲ. ಪೆನ್ಸಿಲ್, ಅದೂ ಮೆತ್ತಗಿನ 2ಬಿ. ಏಪ್ರಿಲ್ 15ಕ್ಕೆ ಹೋದರೆ ಇನ್ನೊಂದು ಪಜೀತಿ: ಮೇಜರ್ ಲೀಗ್‌ನ ವರ್ಣಭೇದ ಮುರಿದ ಕಪ್ಪು ಆಟಗಾರ ಜಾಕಿ ರಾಬಿನ್ಸನ್ 1947ರಲ್ಲಿ ಮೊದಲು ಆಡಿದ ದಿನವಾದ್ದರಿಂದ ಎಲ್ಲರ ಬೆನ್ನಲ್ಲೂ ಅವನ ನಂಬರ್ 42. ಬುಲ್‌ಪೆನ್‌ನಿಂದ (ರಿಲೀವರ್‌ಗಳು, ಅಂದರೆ ಬದಲಿ ಪಿಚರ್‌ಗಳು ಕಾಯುವ ಜಾಗ) ಯಾರು ಓಡಿ ಬಂದರು ಅನ್ನುವುದು ಬೋರ್ಡಿನಲ್ಲಿ ಹೆಸರು ಬರುವ ತನಕ ದೇವರಿಗೇ ಗೊತ್ತು. ಆ ದಿನಕ್ಕೆ ಎರಡೂ ತಂಡದ ರಿಲೀವರ್‌ಗಳಲ್ಲಿ ಎಡಗೈಯವರು ಯಾರು ಯಾರು ಅಂತ ಮೊದಲೇ ಅಂಚಿನಲ್ಲಿ ಗುರುತು ಹಾಕಿಕೊಂಡಿರಿ, ಅರ್ಧ ಕೆಲಸ ಮುಗಿಯುತ್ತದೆ.

ಏಪ್ರಿಲ್ ಆಟ ಬೇರೆಯದೇ ಆಟ. ಗೋಡೆಯ ಮೇಲಿನ ಐವಿ ಬಳ್ಳಿಗೆ ಎಲೆಯೇ ಇರುವುದಿಲ್ಲ, 1937ರಲ್ಲಿ ನೆಟ್ಟದ್ದು, ಆಗ ಕಾಣುವುದು ಬರೀ ಕಂದು ನಾರು. ಜುಲೈನಲ್ಲಿ ಎಲೆಯೊಳಗೆ ಸಿಕ್ಕಿ ಗ್ರೌಂಡ್ ರೂಲ್ ಡಬಲ್ (ಆಟ ನಿಂತು ಬ್ಯಾಟರ್‌ಗೆ ಎರಡೇ ಬೇಸ್) ಆಗುವ ಚೆಂಡು ಏಪ್ರಿಲ್‌ನಲ್ಲಿ ಇಟ್ಟಿಗೆಗೆ ಬಡಿದು ಟಪ್ಪೆಂದು ವಾಪಸ್ ಬರುತ್ತದೆ, ಓಟಗಾರ ಮೂರನೇ ಬೇಸ್‌ಗೆ ಹೊರಟಿರುತ್ತಾನೆ. ಬ್ಲೀಚರ್ಸ್‌ನಲ್ಲಿ ಆ ಸದ್ದು ಕಾಲ ಕೆಳಗೇ ಕೇಳಿಸುತ್ತದೆ. ಚಳಿಗೆ ಚೆಂಡು ಓಡುವುದೂ ಕಡಿಮೆ, ಹತ್ತು ಡಿಗ್ರಿ ಫ್ಯಾರನ್‌ಹೀಟ್‌ಗೆ ಮೂರು ಅಡಿ ಚಿಲ್ಲರೆ ಲೆಕ್ಕ. ಅದಕ್ಕೆ ಎದುರುಗಾಳಿ ಸೇರಿದರೆ ಬ್ಯಾಟಿನ ಸದ್ದಿಗೆ ಎದ್ದು ನಿಂತವರೆಲ್ಲ ಪೆಚ್ಚಾಗಿ ಕೂರುತ್ತಾರೆ. ನಾನೀಗ ಏಳುವುದಿಲ್ಲ, ಮೊದಲು ಸ್ಕೋರ್‌ಬೋರ್ಡ್ ಮೇಲಿನ ಬಾವುಟ ನೋಡುತ್ತೇನೆ.

ಹಾಗಂತ ಯಾವಾಗಲೂ ಗಾಳಿ ಒಳಗೇ ಬೀಸುತ್ತದೆ ಅಂತಲ್ಲ. 1976ರ ಏಪ್ರಿಲ್ 17ರಂದು ಗಾಳಿ ಹೊರಕ್ಕೆ ಬೀಸಿ ಫಿಲಡೆಲ್ಫಿಯಾದ ಮೈಕ್ ಶ್ಮಿಟ್ ಇಲ್ಲೇ ನಾಲ್ಕು ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಹಾಗೆ) ಹೊಡೆದ, 13-2 ಹಿಂದಿದ್ದ ತಂಡ ಹತ್ತು ಇನಿಂಗ್ಸ್‌ನಲ್ಲಿ 18-16 ಗೆದ್ದಿತು. 1994ರ ಓಪನಿಂಗ್ ಡೇಯಲ್ಲಿ ಕಬ್ಸ್‌ನ ಟಫಿ ರೋಡ್ಸ್ ಪಿಚರ್ ಡ್ವೈಟ್ ಗುಡೆನ್‌ನ ಎಸೆತಗಳಿಗೆ ಮೂರು ಹೋಮ್ ರನ್ ಹೊಡೆದ; ಇಡೀ ಆ ವರ್ಷದಲ್ಲಿ ಅವನ ಒಟ್ಟು ಎಂಟು. ಮೊದಲ ವಾರದ ಅಂಕಿ ನೋಡಿ ಫ್ಯಾಂಟಸಿ ತಂಡ ಬದಲಿಸುವ ಗೆಳೆಯರಿಗೆ ಇದನ್ನು ಪ್ರತಿ ವರ್ಷ ಹೇಳುತ್ತೇನೆ, ಪ್ರತಿ ವರ್ಷ ಅವರು ಕೇಳುವುದಿಲ್ಲ. 2018ರ ಹೋಮ್ ಓಪನರ್ ಹಿಮ ಬಿದ್ದು ಒಂದು ದಿನ ಮುಂದೆ ಹೋಯಿತು. ಅದೇ ವಾರದ ಶನಿವಾರ, ಆಡಲೇಬಾರದಂಥ ಚಳಿ ಮಳೆಯಲ್ಲಿ ಅಟ್ಲಾಂಟಾ ಎದುರು 10-2 ಹಿಂದಿದ್ದ ಕಬ್ಸ್ ಎಂಟನೇ ಇನಿಂಗ್ಸ್ ಒಂದರಲ್ಲೇ ಒಂಬತ್ತು ರನ್ ಗಳಿಸಿ 14-10 ಗೆದ್ದಿತು. ಐದನೇ ಇನಿಂಗ್ಸ್‌ಗೇ ಎದ್ದು ಹೋದವರು ರೈಲಿನಲ್ಲಿ ಫೋನ್ ನೋಡಿ ಹಣೆ ಚಚ್ಚಿಕೊಂಡಿರಬೇಕು. ಫೋಮ್ ತುಂಡಿನ ಬೆಲೆ ಗೊತ್ತಾಗುವುದು ಇಂಥ ದಿನ.

ಮಳೆ ಬಂದರೆ: ಐದು ಇನಿಂಗ್ಸ್ ಆದ ಮೇಲೆ ನಿಂತರೆ ಅದು ಪೂರ್ತಿ ಆಟ, ದುಡ್ಡು ಹೋಯಿತು. ಶುರುವೇ ಆಗದೆ ಮುಂದೆ ಹೋದರೆ ಅದೇ ಟಿಕೆಟ್ ಹೊಸ ದಿನಾಂಕಕ್ಕೆ. ಆ ದಿನ ನಿಮಗೆ ಆಗದಿದ್ದರೆ ತಕ್ಷಣ ಮಾರಿಬಿಡಿ, ತಡಮಾಡಿದಷ್ಟೂ ಬೆಲೆ ಇಳಿಯುತ್ತದೆ. ಟಿಕೆಟ್ ಫೋನಿನಲ್ಲಿರುವುದರಿಂದ ಫೋನು ಒಳಜೇಬಿನಲ್ಲಿ, ಮೈಗೆ ತಾಗಿ ಇರಲಿ. 35 ಫ್ಯಾರನ್‌ಹೀಟ್ ಚಳಿಗೆ 40 ಪ್ರತಿಶತ ಚಾರ್ಜ್ ಇದ್ದ ಹಳೆ ಫೋನು ಗೇಟಿನ ಮುಂದೆ ಕಣ್ಣು ಮುಚ್ಚಿದ್ದನ್ನು ಕಂಡಿದ್ದೇನೆ. ಮನೆಯಲ್ಲೇ ವಾಲೆಟ್‌ಗೆ ಇಳಿಸಿಕೊಳ್ಳಿ, ಗೇಟಿನ ಹತ್ತಿರ ನೆಟ್‌ವರ್ಕ್ ಸಿಗದು.

ಫ್ಲಾಸ್ಕ್ ಒಳಗೆ ಬಿಡುವುದಿಲ್ಲ, ಬ್ಯಾಗಿನ ನಿಯಮ ವರ್ಷ ವರ್ಷ ಬದಲಾಗುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ. ಒಬ್ಬರಿಗೆ ಆಗುವಷ್ಟು ತಿಂಡಿ ಒಯ್ಯಬಹುದು, ನಮ್ಮಂಥ ಸಸ್ಯಾಹಾರಿಗಳ 15–20 ಡಾಲರ್ ಉಳಿಯುವುದು ಅಲ್ಲೇ. ಚಿತ್ರಾನ್ನ ಸೋತಿತು: ಎಣ್ಣೆ ಹೆಪ್ಪುಗಟ್ಟಿ ಅನ್ನ ಕಾಳು ಕಾಳಾಗಿ ಗಟ್ಟಿ, ಚಮಚಕ್ಕೆ ಗ್ಲವ್ಸ್ ಬಿಚ್ಚಬೇಕು. ಯುಗಾದಿಯ ಉಳಿದ ಹೋಳಿಗೆ ಒಯ್ದರೆ ತುಪ್ಪ ಮೇಣದ ಹಾಗೆ ನಿಂತಿತ್ತು. ಚಪಾತಿಗೆ ಚಟ್ನಿಪುಡಿ ಸವರಿ ಸುತ್ತಿ, ಫಾಯಿಲ್ ಹಾಕಿ, ಜಾಕೆಟ್ ಒಳಜೇಬಿನಲ್ಲಿ ಬಿಸಿ ಪೊಟ್ಟಣದ ಪಕ್ಕ ಇಟ್ಟರೆ ಐದನೇ ಇನಿಂಗ್ಸ್‌ಗೂ ಮೆತ್ತಗಿರುತ್ತದೆ. ಕುರುಕಿಗೆ ಕೋಡುಬಳೆ, ಗ್ಲವ್ಸ್ ಹಾಕಿಕೊಂಡೇ ಬೆರಳಿಗೆ ಸಿಕ್ಕಿಸಿಕೊಳ್ಳಬಹುದು. ಕಾಫಿ ಪುಡಿಯ ಸಣ್ಣ ಪೊಟ್ಟಣ ಜೇಬಿನಲ್ಲಿರಲಿ. ಬಿಸಿನೀರು ಯಾವ ಕೌಂಟರಿನಲ್ಲಿ ಸುಮ್ಮನೆ ಕೊಡುತ್ತಾರೆ ಅನ್ನುವುದು ಎರಡನೇ ಗುಟ್ಟು.

ನಾನು ಹೋದ ವರ್ಷಗಳ ಲೆಕ್ಕ ಹೀಗಿತ್ತು: ಟಿಕೆಟ್ 20 ಡಾಲರ್ ಹಿಡಿಯಿರಿ. ಉಪನಗರ ನೇಪರ್‌ವಿಲ್‌ನಿಂದ ಶಿಕಾಗೋದ ಯೂನಿಯನ್ ಸ್ಟೇಷನ್‌ಗೆ ಮೆಟ್ರಾ ರೈಲಿನಲ್ಲಿ ಹೋಗಿಬರಲು ವಾರದ ದಿನ 13 ಚಿಲ್ಲರೆ, ಶನಿವಾರ ಭಾನುವಾರ ಪಾಸಿನಲ್ಲಿ 7 ಇತ್ತು. ಅಲ್ಲಿಂದ ಹದಿನೈದು ನಿಮಿಷ ನಡಿಗೆ, ನಗರ ರೈಲಿನ ರೆಡ್ ಲೈನ್‌ನಲ್ಲಿ ಆಡಿಸನ್ ಸ್ಟೇಷನ್, ಎರಡೂ ಕಡೆಗೆ ಆಗ 5. ಕಾರಿನಲ್ಲಿ ಹೋದರೆ ಪಾರ್ಕಿಂಗ್ ಒಂದೇ ಟಿಕೆಟ್‌ನ ಎರಡರಷ್ಟು. ವಾಪಸ್ ಬರುವಾಗ ಕೊನೆಯ ಔಟ್ ಆದ ತಕ್ಷಣ ಆಡಿಸನ್ ಸ್ಟೇಷನ್‌ಗೆ ನುಗ್ಗಬೇಡಿ. ಸೆಂಟರ್ ಫೀಲ್ಡ್ ಬೋರ್ಡಿನ ಮೇಲೆ ಬಿಳಿ ಬಾವುಟ (ಕಬ್ಸ್ ಗೆದ್ದರೆ) ಏರಿತೋ ನೀಲಿ (ಸೋತರೆ) ಏರಿತೋ ನೋಡಿ, ಉತ್ತರಕ್ಕೆ ಶೆರಿಡನ್ ಸ್ಟೇಷನ್‌ಗೆ ನಡೆದು ಹತ್ತಿ. ಹತ್ತು ನಿಮಿಷ ದೂರ, ಆದರೆ ಅಲ್ಲಿ ರೈಲು ಇನ್ನೂ ಖಾಲಿ, ಸೀಟು ಸಿಗುತ್ತದೆ, ಅಷ್ಟರಲ್ಲಿ ಪಾದಕ್ಕೂ ರಕ್ತ ಹರಿದು ಬೆಚ್ಚಗಾಗಿರುತ್ತದೆ.

ಮೇ ಎರಡನೇ ವಾರ ಐವಿ ಚಿಗುರುತ್ತದೆ, ಬ್ಲೀಚರ್ಸ್ ಟಿಕೆಟ್ 45 ಡಾಲರ್ ದಾಟುತ್ತದೆ. ನಾನು ಅಂಗಡಿ ಮುಚ್ಚುವುದು ಆಗ. ಫೋಮ್ ತುಂಡು ತೊಳೆದು ಒಣಗಿಸಿ, ಉಳಿದ ಪೊಟ್ಟಣಗಳನ್ನು ಜಿಪ್ ಚೀಲದಲ್ಲಿ ಮುಚ್ಚಿ, ಎಷ್ಟು ಗಂಟೆ ಬಳಸಿದ್ದು ಅಂತ ಮೇಲೆ ಬರೆದು ಕಪಾಟಿಗೆ.