ಬೆಟ್ಟದ ರೈಫಲ್ ಕ್ಲಾಸಿಗೆ ಹೋಗುವ ಮುಂಚೆ ಪುಣೆಯಲ್ಲೇ ಮುಗಿಸಬೇಕಾದ ಕೆಲಸ

ಮೊದಲು ವೀಸಾ ವಿಷಯ. ಅಮೆರಿಕದ ಕೊಲರಾಡೋ, ವ್ಯೋಮಿಂಗ್, ಯೂಟಾ ಕಡೆಯ ಬೆಟ್ಟಗಳಲ್ಲಿ ಲಾಂಗ್ ರೇಂಜ್ ರೈಫಲ್ ಕ್ಲಾಸ್, ಅಂದರೆ ಬಹು ದೂರದ ಗುರಿಗೆ ಹೊಡೆಯಲು ಕಲಿಸುವ ಕ್ಲಾಸ್ ನಡೆಯುತ್ತವೆ. ಪುಣೆಯ ನಮ್ಮವರು ಫೀಸು, ಟಿಕೆಟ್ಟು, ಜಾಕೆಟ್ಟು ಎಲ್ಲ ವಿಚಾರಿಸುತ್ತಾರೆ, ಇದೊಂದನ್ನು ಕೇಳುವುದಿಲ್ಲ. ಟೂರಿಸ್ಟ್ ವೀಸಾ ಇರಲಿ, ಎಚ್-1ಬಿ ಇರಲಿ, ಅಮೆರಿಕದ ಫೆಡರಲ್ ಕಾನೂನು ನಿಮ್ಮ ಕೈಗೆ ಬಂದೂಕು ಕೊಡಲು ಒಪ್ಪುವುದಿಲ್ಲ. ಬಾಡಿಗೆ ರೈಫಲ್‌ಗೂ ಅದೇ ಲೆಕ್ಕ. ವಿನಾಯಿತಿಗಳಿವೆ. ನಮಗೆ ಅನುಕೂಲ ಆಗುವುದು ಬೇಟೆ ಲೈಸೆನ್ಸ್: ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಲೈಸೆನ್ಸ್. ಧಾರವಾಡದ ಶುದ್ಧ ಸಸ್ಯಾಹಾರಿಯಾದ ನಾನೂ ಅದನ್ನು ಕಿಸೆಯಲ್ಲಿ ಇಟ್ಟುಕೊಂಡೇ ಓಡಾಡಿದೆ. ಕೆಲವು ರಾಜ್ಯಗಳು ಲೈಸೆನ್ಸ್‌ಗೆ ಮುಂಚೆ ಬೇಟೆ ಸುರಕ್ಷತೆಯ ಕೋರ್ಸ್ ಕೇಳುತ್ತವೆ, ಅದಕ್ಕೆ ಸಮಯ ಇಟ್ಟುಕೊಳ್ಳಿ. ದುಡ್ಡು ಕಟ್ಟುವ ಮುಂಚೆ ನಿಮ್ಮ ವೀಸಾ ಯಾವುದು ಅಂತ ಹೇಳಿ, ಶಾಲೆಯಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ.

ಇನ್ನು ಅಭ್ಯಾಸ. ಇಲ್ಲಿ 1000 ಗಜದ ರೇಂಜ್ ಇಲ್ಲ, ಹೇಗೆ ಕಲಿಯುವುದು ಅಂತ ಕೇಳುತ್ತಾರೆ. ಪುಣೆಯ ಬಾಲೇವಾಡಿ ಕ್ರೀಡಾ ಸಂಕೀರ್ಣದಲ್ಲಿ 10, 25, 50 ಮೀಟರ್ ರೇಂಜ್‌ಗಳಿವೆ. ಪ್ಯಾರಿಸ್ 2024ರಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್‌ನಲ್ಲಿ ಕಂಚು ಗೆದ್ದ ಕೊಲ್ಹಾಪುರದ ಕಡೆಯ ಸ್ವಪ್ನಿಲ್ ಕುಸಾಳೆ ಪಳಗಿದ್ದು ಇಲ್ಲೇ. 10 ಮೀಟರ್ ಏರ್ ರೈಫಲ್ ಕಲಿತವರಿಗೆ ಬೆಟ್ಟದ ಕ್ಲಾಸಿನ ಅರ್ಧ ಪಾಠ ಆಗಲೇ ಬಂದಿರುತ್ತದೆ. ಏರ್ ರೈಫಲ್‌ನಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಪೆಲೆಟ್ ನಿಧಾನವಾಗಿ ನಳಿಕೆ ದಾಟುತ್ತದೆ. ಹಾಗಾಗಿ ಟ್ರಿಗರ್ ಒತ್ತಿದ ಮೇಲೂ ಅಲ್ಲಾಡದೆ ಇರುವುದು ರಕ್ತಕ್ಕೆ ಇಳಿದಿರುತ್ತದೆ. ಇನ್ನೊಂದು, ಕಣ್ಣು ಮುಚ್ಚಿ ಉಸಿರು ಬಿಟ್ಟು, ಮತ್ತೆ ಕಣ್ಣು ತೆರೆದಾಗ ರೈಫಲ್ ತಾನಾಗಿಯೇ ಗುರಿಯ ಮೇಲೆ ನಿಂತಿರಬೇಕು. ನಿಂತಿಲ್ಲವಾ, ಕೈಯಿಂದ ಎಳೆದು ಕೂರಿಸಬೇಡಿ, ಮೈಯನ್ನೇ ಸರಿಸಿ. ರೈಫಲ್ ಮುಂದೆ ಬೈಪಾಡ್ (ಎರಡು ಕಾಲಿನ ಊರೆ) ಹಾಕಿ ಮಲಗಿದಾಗಲೂ ಇದೇ ಪಾಠ. ನಮ್ಮ ದಪ್ಪ ಶೂಟಿಂಗ್ ಜಾಕೆಟ್ ಮಾತ್ರ ಮನೆಯಲ್ಲೇ ಬಿಡಿ, ಅಲ್ಲಿ ಅದರ ಕೆಲಸ ಇಲ್ಲ. ಮೊಣಕೈಗೆ ಪ್ಯಾಡ್ ಸಾಕು.

ಲೆಕ್ಕವನ್ನು ಬಾಯಿಪಾಠ ಮಾಡಿಕೊಳ್ಳಿ. ಸ್ಕೋಪಿನಲ್ಲಿ ಕೋನ ಅಳೆಯುವ ಒಂದು ಮಿಲ್ ಅಂದರೆ 100 ಮೀಟರಿಗೆ 10 ಸೆಂಟಿಮೀಟರ್, 1000 ಮೀಟರಿಗೆ ಒಂದು ಮೀಟರ್. ಸ್ಕೋಪಿನ ಒಂದು ಕ್ಲಿಕ್ ಸಾಮಾನ್ಯವಾಗಿ 0.1 ಮಿಲ್. ಎಂಓಎ ಅನ್ನುವ ಇನ್ನೊಂದು ಅಳತೆಯ ಸ್ಕೋಪ್ ಕೊಟ್ಟರೆ, ಒಂದು ಎಂಓಎ ಅಂದರೆ 100 ಗಜಕ್ಕೆ 1.047 ಇಂಚು. ಎರಡನ್ನೂ ಕಲಸಬೇಡಿ. ಬುಕ್ ಮಾಡುವಾಗಲೇ ಮಿಲ್ ಸ್ಕೋಪ್ ಬೇಕು ಅಂತ ಹೇಳಿಬಿಡಿ. ಮೀಟರಿನಲ್ಲಿ ಯೋಚಿಸುವ ನಮಗೆ ಅದೇ ಸಲೀಸು.

ಜನ ಮುಗ್ಗರಿಸುವುದು ಗಾಳಿಯ ಒತ್ತಡದಲ್ಲಿ. ಗುಂಡಿನ ದಾರಿ ಲೆಕ್ಕ ಹಾಕುವ ಬ್ಯಾಲಿಸ್ಟಿಕ್ ಆ್ಯಪ್‌ಗೆ ನೀವು ನಿಂತ ಜಾಗದ ನಿಜವಾದ ಒತ್ತಡ ಬೇಕು. ಹವಾಮಾನದ ಆ್ಯಪ್ ತೋರಿಸುವುದು ಸಮುದ್ರ ಮಟ್ಟಕ್ಕೆ ಇಳಿಸಿದ ಲೆಕ್ಕ. ಇದನ್ನು ಪುಣೆಯಲ್ಲೇ ಕಣ್ಣಾರೆ ನೋಡಬಹುದು. ನಮ್ಮೂರು ಸುಮಾರು 560 ಮೀಟರ್ ಎತ್ತರದಲ್ಲಿದೆ. ಹವಾಮಾನದ ಆ್ಯಪ್ 1010 ಹೆಕ್ಟೋಪಾಸ್ಕಲ್ ಅನ್ನುವ ದಿನ ಫೋನಿನ ಬ್ಯಾರೋಮೀಟರ್ 950ರ ಆಸುಪಾಸು ಇರುತ್ತದೆ. ಅದೇ ಫೋನ್ ಹಿಡಿದು ಪುಣೆ ಹತ್ತಿರದ ಸಿಂಹಗಡ ಕೋಟೆ ಹತ್ತಿ. ಅಲ್ಲಿ 1300 ಮೀಟರ್ ಚಿಲ್ಲರೆ ಎತ್ತರ, ಅಂಕಿ 870ರ ಹತ್ತಿರ ಇಳಿಯುತ್ತದೆ. ಹವಾಮಾನದ ಆ್ಯಪ್ ಮಾತ್ರ ಅದೇ ಹಳೆ ಹಾಡು. ನಮ್ಮ ಕ್ಲಾಸ್ ನಡೆದ ಜಾಗ ಇನ್ನೂ ಸಾವಿರ ಮೀಟರ್ ಮೇಲೆ. ಪಕ್ಕದ ಚಾಪೆಯವನು ಹವಾಮಾನದ ಆ್ಯಪಿನ ಅಂಕಿಯನ್ನೇ ಹಾಕಿಕೊಂಡಿದ್ದ. ಅವನ ಲೆಕ್ಕದಲ್ಲಿ ಗಾಳಿ ದಟ್ಟ, ನಿಜಕ್ಕೂ ಅಲ್ಲಿ ತೆಳು. ತೆಳು ಗಾಳಿಯಲ್ಲಿ ಗುಂಡು ಕಡಿಮೆ ಬೀಳುತ್ತದೆ. ಹತ್ತಿರದ ಸ್ಟೀಲ್ ಪ್ಲೇಟುಗಳಿಗೆ ಟಣ್ ಟಣ್ ಅಂತ ಬಡಿಯಿತು. 900 ಗಜ ದಾಟಿದ್ದೇ ತಡ, ಎಲ್ಲ ಗುಂಡೂ ಪ್ಲೇಟಿನ ಮೇಲಿಂದ ಹೋಗಿ ಹಿಂದಿನ ದಿಬ್ಬದ ಮಣ್ಣು ಎಬ್ಬಿಸಿದವು. ಪಾಪ, ರೈಫಲ್ಲನ್ನು ಬೈಯುತ್ತಿದ್ದ. ಟೀಚರ್ ಬಂದು ಫೋನ್ ಇಸಿದುಕೊಂಡು ಒಂದೇ ಅಂಕಿ ಬದಲಿಸಿದರು, ಮುಂದಿನ ಗುಂಡು ಪ್ಲೇಟಿನ ಅಂಚಿಗೆ ತಾಗಿತು.

ಸಿಂಹಗಡದಲ್ಲಿ ಇದ್ದೀರಲ್ಲ, ಪಿಠಲಾ ಭಾಕರಿ ತಿಂದು ಗಾಳಿಯನ್ನೂ ನೋಡಿ. 6.5 ಕ್ರೀಡ್‌ಮೂರ್ ಅನ್ನುವ ರೈಫಲ್ ತೋಟಾದ ಗುಂಡಿಗೆ 1000 ಗಜ ಮುಟ್ಟಲು ಒಂದೂವರೆ ಸೆಕೆಂಡಿನಷ್ಟು ಬೇಕು. ಅಷ್ಟರಲ್ಲಿ ಗಂಟೆಗೆ 16 ಕಿಲೋಮೀಟರ್ ವೇಗದ ಅಡ್ಡಗಾಳಿ ಅದನ್ನು ಒಂದೂವರೆಯಿಂದ ಎರಡು ಮೀಟರ್ ತಳ್ಳುತ್ತದೆ. ಗುಂಡು ಎಷ್ಟು ಬೀಳುತ್ತದೆ ಅನ್ನುವುದನ್ನು ಬ್ಯಾಲಿಸ್ಟಿಕ್ ಆ್ಯಪ್ ಹೇಳಿಬಿಡುತ್ತದೆ. ಕಣಿವೆಯ ಮಧ್ಯದ ಗಾಳಿಯನ್ನು ನಿಮ್ಮ ಕಣ್ಣೇ ಓದಬೇಕು. ಬಿಸಿಲೇರಿದ ಹಾಗೆ ಗಾಳಿ ಇಳಿಜಾರು ಹತ್ತುತ್ತದೆ, ಸಂಜೆ ತಣ್ಣಗಾದ ಮೇಲೆ ಕೆಳಗಿಳಿಯುತ್ತದೆ. ಕೋಟೆ ಗೋಡೆಯ ಹತ್ತಿರ ನಿಂತು ನಿಮ್ಮ ಕೆನ್ನೆಗೆ ತಾಗುವ ಗಾಳಿ, ಕೆಳಗಿನ ಹುಲ್ಲು, ಎದುರು ಗುಡ್ಡದ ಮರ ಮೂರನ್ನೂ ಹೋಲಿಸಿ. ಮೂರೂ ಒಂದೇ ದಿಕ್ಕಿಗೆ ಬಾಗುವುದು ಅಪರೂಪ. ಕೈಯಲ್ಲೊಂದು ಸಣ್ಣ ಗಾಳಿ ಮೀಟರ್ ಇದ್ದರೆ ಮೊದಲು ಊಹಿಸಿ, ಆಮೇಲೆ ಮೀಟರ್ ನೋಡಿ. ಓರೆ ಗಾಳಿಗೆ ಅರ್ಧ ಲೆಕ್ಕ ಅಂತ ಸುಮ್ನೆ ಹಾಕಬೇಡಿ. ಅರ್ಧ ಆಗುವುದು ಗಾಳಿ ಗುಂಡಿನ ದಾರಿಗೆ 30 ಡಿಗ್ರಿ ಓರೆ ಇದ್ದಾಗ. 45ಕ್ಕೆ ಆಗಲೇ ಶೇಕಡಾ 70 ಆಗಿರುತ್ತದೆ.

ಇಳಿಜಾರಿನಲ್ಲಿ ಹೊಡೆಯುವಾಗ ಅಡ್ಡ ದೂರ ಮುಖ್ಯ. 30 ಡಿಗ್ರಿ ಕೆಳಗಿರುವ 500 ಮೀಟರ್ ಗುರಿಗೆ ಸ್ಕೋಪಿನಲ್ಲಿ ಸುಮಾರು 433 ಮೀಟರ್ ದೂರಕ್ಕೆ ಬೇಕಾದಷ್ಟೇ ಏರಿಸಿದರೆ ಸಾಕು. ಗಾಳಿಗೆ ಮಾತ್ರ ಪೂರ್ತಿ 500. ಮೇಲಕ್ಕೆ ಹೊಡೆದರೂ ಇದೇ ಲೆಕ್ಕ. ಹೆಚ್ಚಿನ ರೇಂಜ್‌ಫೈಂಡರ್‌ಗಳು ಇದನ್ನು ತಾವೇ ಮಾಡುತ್ತವೆ.

ಚೀಲಕ್ಕೆ ಏನೇನು? ಪೆನ್ಸಿಲ್, ಚಿಕ್ಕ ನೋಟ್‌ಬುಕ್, ಟೋಪಿ, ಕಣ್ಣಿಗೆ ಕನ್ನಡಕ, ಕಿವಿಗೆ ಎರಡು ಪದರ: ಒಳಗೆ ಪ್ಲಗ್, ಮೇಲೆ ಮಫ್. ನಳಿಕೆಯ ತುದಿಯಲ್ಲಿ ಮಝಲ್ ಬ್ರೇಕ್ (ಒದೆತ ಕಡಿಮೆ ಮಾಡಿ ಸದ್ದನ್ನು ಪಕ್ಕಕ್ಕೆ ಎಸೆಯುವ ಭಾಗ) ಇರುವ ರೈಫಲ್ ಪಕ್ಕದಲ್ಲಿ ಮಲಗಿದರೆ ಒಂದೇ ಪದರ ಸಾಲದು. ನೀರು ಜಾಸ್ತಿ ಕುಡಿಯಿರಿ. ಒಂದು ದಿನ ಮೊದಲೇ ಬೆಟ್ಟಕ್ಕೆ ಹೋಗಿ ಮಲಗಿ. ತಲೆ ಸಿಡಿಯುತ್ತಿದ್ದರೆ ಟ್ರಿಗರ್ ಕೈಗೆ ಸಿಗುವುದಿಲ್ಲ. ನೋಟ್‌ಬುಕ್ ಯಾಕೆ ಅಂದರೆ, ಪ್ರತಿ ಗುಂಡಿಗೂ ದೂರ, ನೀವು ಹಾಕಿದ ಮಿಲ್, ಊಹಿಸಿದ ಗಾಳಿ, ಬಿದ್ದ ಜಾಗ ಬರೆಯಬೇಕು. ಹೊಡೆಯುವ ಮುಂಚೆಯೇ ಊಹೆ ಬರೆಯಿರಿ. ಆಮೇಲೆ ಬರೆದರೆ ಮನಸ್ಸು ನಮ್ಮ ಪರವಾಗಿ ಸುಳ್ಳು ಹೇಳುತ್ತದೆ, ಅಲ್ವಾ? ಪಕ್ಕದವರು ಹೊಡೆಯುವಾಗ ಗುರಿ ನೋಡುವ ದೂರದರ್ಶಕ, ಅಂದರೆ ಸ್ಪಾಟಿಂಗ್ ಸ್ಕೋಪ್ ಹಿಂದೆ ಕೂರುವ ಸರದಿಯನ್ನು ಬಿಟ್ಟುಕೊಡಬೇಡಿ. ಗುಂಡು ಗಾಳಿ ಸೀಳಿದ ಜಾಡು ಅಲ್ಲಿಂದಲೇ ಕಾಣುವುದು. ನಾನು ಗಾಳಿ ಕಲಿತದ್ದು ಆ ಸೀಟಿನಲ್ಲೇ.

ವಾಪಸ್ ಹೊರಡುವಾಗ ಪ್ರತಿ ಜೇಬು, ಪ್ರತಿ ಝಿಪ್, ಶೂ ಒಳಗೆ ಕೂಡ ತಡಕಿ. ನೆನಪಿಗೆ ಅಂತ ಒಂದು ಖಾಲಿ ತೋಟಾ ಕೂಡ ತರಬೇಡಿ. ನಮ್ಮ ಆರ್ಮ್ಸ್ ಆ್ಯಕ್ಟ್ ಪ್ರಕಾರ ಗುಂಡಿನ ಬಿಡಿಭಾಗವೂ ಗುಂಡೇ. ಮುಂಬೈ ಏರ್‌ಪೋರ್ಟಿನ ಎಕ್ಸ್‌ರೇಯಲ್ಲಿ ಹಿತ್ತಾಳೆ ಕಂಡರೆ ಪೊಲೀಸ್ ಠಾಣೆ ಖಾತ್ರಿ. ಕ್ಲಾಸಿಗೆ ಒಯ್ದ ಚೀಲವನ್ನು ಹೋಟೆಲ್ ಹಾಸಿಗೆ ಮೇಲೆ ತಲೆಕೆಳಗು ಮಾಡಿ ಕೊಡವಿ, ಆಮೇಲೆ ಬಟ್ಟೆ ತುಂಬಿ.