ಸುವಾರ್ತೆ ಅಂದರೆ ಯಾವ ಸುವಾರ್ತೆ? ಯುಗಗಳ ಕ್ರಮದಲ್ಲಿ ಬೈಬಲ್ ಓದುವ ಬಗೆ

ಮಂಗಳೂರು, ಉಡುಪಿ ಕಡೆಯ ಮನೆ ಪ್ರಾರ್ಥನಾಕೂಟಗಳಲ್ಲಿ ಈ ಪ್ರಶ್ನೆ ಆಗಾಗ ಏಳುತ್ತದೆ. ಯೇಸು ಹಳ್ಳಿಹಳ್ಳಿಗೆ ಹೋಗಿ ಸಾರಿದ ಸುವಾರ್ತೆ, ಅಂದರೆ ಶುಭಸುದ್ದಿ, ಮತ್ತು ಆಮೇಲೆ ಅಪೊಸ್ತಲ ಪೌಲ ಸಾರಿದ ಸುವಾರ್ತೆ ಒಂದೇನಾ, ಬೇರೆಯಾ? ಯಾರೋ ಒಬ್ಬರು ಯೂಟ್ಯೂಬಿನಲ್ಲಿ ಏಳು ಯುಗಗಳ ಚಾರ್ಟ್ ನೋಡಿರುತ್ತಾರೆ, ಇನ್ನೊಬ್ಬರು ಚಿಕ್ಕಂದಿನಿಂದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದವರು, ಮತ್ತೊಬ್ಬರು ಬ್ರೆದ್ರೆನ್ ಸಭೆಗೆ ಹೋಗುವವರು, ಮನೆಯ ಸೊಸೆ ಕಥೋಲಿಕ ಕುಟುಂಬದಿಂದ ಬಂದವಳು. ಹತ್ತು ನಿಮಿಷದಲ್ಲಿ ಮಾತು ಬಿಸಿಯಾಗುತ್ತದೆ, ಬೈಬಲ್ ಮಾತ್ರ ಮಡಿಲಲ್ಲಿ ಮುಚ್ಚಿಯೇ ಇರುತ್ತದೆ. ಅದನ್ನು ತೆರೆದಿಟ್ಟುಕೊಂಡು ಈ ಪ್ರಶ್ನೆಯನ್ನು ಹೇಗೆ ಬಿಡಿಸುವುದು ಅಂತ ಇಲ್ಲಿ ಬರೆಯುತ್ತಿದ್ದೇನೆ. ಯುಗಗಳ ಕ್ರಮದಲ್ಲಿ ಓದುವುದು ಸರಿ ಅಂತ ನಂಬಿದವರಲ್ಲಿ ನಾನೂ ಒಬ್ಬ, ಅದು ನಿಮಗೆ ಮೊದಲೇ ಗೊತ್ತಿರಲಿ.

ಈ ಯುಗಗಳಿಗೆ ಇಂಗ್ಲಿಷಿನಲ್ಲಿ ಡಿಸ್ಪೆನ್ಸೇಷನ್ ಅನ್ನುತ್ತಾರೆ. ಹಾಗಂದರೆ ಎಂತ? ದೇವರು ಬದಲಾಗುವುದಿಲ್ಲ, ಆದರೆ ಒಂದೊಂದು ಕಾಲದಲ್ಲಿ ಮನುಷ್ಯರಿಗೆ ಒಂದೊಂದು ಹೊಣೆ ಕೊಟ್ಟು ನಡೆಸುತ್ತಾನೆ, ಆ ಕಾಲವನ್ನು ಹಾಗೆ ಕರೆಯುತ್ತಾರೆ. 19ನೇ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಎಂಬ ಬ್ರೆದ್ರೆನ್ ಬೋಧಕರು ಇದನ್ನು ಒಂದು ಕ್ರಮಕ್ಕೆ ತಂದರು. 1909ರಲ್ಲಿ ಬಂದ, ಸ್ಕೋಫೀಲ್ಡ್ ಎಂಬವರು ಟಿಪ್ಪಣಿ ಬರೆದ ಸ್ಕೋಫೀಲ್ಡ್ ರೆಫರೆನ್ಸ್ ಬೈಬಲ್ ಇದನ್ನು ಅಡಿಟಿಪ್ಪಣಿಗಳ ಮೂಲಕ ಮನೆಮನೆಗೆ ಮುಟ್ಟಿಸಿತು. ಸ್ಕೋಫೀಲ್ಡ್ ಹೇಳಿದ ಏಳು ಯುಗಗಳು ಇವು: ನಿರ್ದೋಷ ಸ್ಥಿತಿ, ಮನಸ್ಸಾಕ್ಷಿ, ಮಾನವ ಆಡಳಿತ, ವಾಗ್ದಾನ, ಧರ್ಮಶಾಸ್ತ್ರ, ಕೃಪೆ, ರಾಜ್ಯ. ನಮ್ಮೂರಿನ ಹಳೆಯ ಪ್ರಾಟೆಸ್ಟಂಟ್ ಮನೆಗಳ ಹಿರಿಯರಿಗೆ ಈ ಚಾರ್ಟ್ ಹೊಸದಾಗಿ ಕಂಡರೆ ಆಶ್ಚರ್ಯ ಇಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರು ಬಂದದ್ದು ಲೂಥರನ್ ಮತ್ತು ರಿಫಾರ್ಮ್ಡ್ ಹಿನ್ನೆಲೆಯಿಂದ, ಡಾರ್ಬಿಯ ಬೋಧನೆ ಆಗಿನ್ನೂ ಐರ್ಲೆಂಡ್, ಇಂಗ್ಲೆಂಡ್ ಕಡೆ ಚಿಗುರುತ್ತಿತ್ತು. ಹಾಗಾಗಿ ಅಜ್ಜ ಅಜ್ಜಿ ಹುಬ್ಬೇರಿಸಿದರೆ ಅವರಿಗೆ ಬೈಬಲ್ ಗೊತ್ತಿಲ್ಲ ಅಂತ ತಿಳಿಯಬೇಡಿ. ಅವರು ಕಲಿತ ದಾರಿ ಬೇರೆ, ಅಷ್ಟೇ.

ಮಲ್ಪೆ ಬಂದರಿನ ಮೀನುಗಾರರಿಗೆ ಯುಗಗಳ ವಿಷಯ ವಿವರಿಸುವುದು ಸುಲಭ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯಬಾರದು, ಆಗಸ್ಟಿನಲ್ಲಿ ಇಳಿಯಬಹುದು. ಸಮುದ್ರ ಅದೇ, ಸರ್ಕಾರ ಅದೇ, ಆದೇಶ ಮಾತ್ರ ಕಾಲಕ್ಕೆ ತಕ್ಕ ಹಾಗೆ. ಜೂನ್ ತಿಂಗಳ ಆದೇಶ ಹಿಡಿದುಕೊಂಡು ನವೆಂಬರಿನಲ್ಲಿ ದಡದಲ್ಲಿ ಕೂರುವವರು ಯಾರೂ ಇಲ್ಲ.

ಈಗ ಕೆಲಸಕ್ಕೆ ಇಳಿಯೋಣ. ಮೊದಲು ಲೂಕನ ಸುವಾರ್ತೆ ತೆಗೆಯಿರಿ. 9ನೇ ಅಧ್ಯಾಯದ ಮೊದಲ ಆರು ವಚನ ಓದಿ. ಯೇಸು ಹನ್ನೆರಡು ಮಂದಿಯನ್ನು ಕಳಿಸುತ್ತಾನೆ, ಅವರು ಊರೂರಿಗೆ ಹೋಗಿ ಸುವಾರ್ತೆ ಸಾರುತ್ತಾರೆ, ರೋಗಿಗಳನ್ನು ವಾಸಿ ಮಾಡುತ್ತಾರೆ. ಅಲ್ಲಿಂದ ನೇರವಾಗಿ 18ನೇ ಅಧ್ಯಾಯದ 31ರಿಂದ 34ಕ್ಕೆ ಹೋಗಿ. ಯೇಸು ತಾನು ಸಾಯುವುದನ್ನು, ಮೂರನೇ ದಿನ ಏಳುವುದನ್ನು ಬಿಡಿಸಿ ಹೇಳುತ್ತಾನೆ, ಶಿಷ್ಯರಿಗೆ ಅದರಲ್ಲಿ ಒಂದು ಮಾತೂ ಅರ್ಥ ಆಗುವುದಿಲ್ಲ. ಇಲ್ಲಿ ಬೈಬಲನ್ನು ಸ್ವಲ್ಪ ಕೆಳಗಿಟ್ಟು ಯೋಚಿಸಿ. ಶಿಲುಬೆ, ಪುನರುತ್ಥಾನ ತಲೆಗೇ ಹೋಗದವರು ಅಷ್ಟು ದಿನ ಸಾರುತ್ತಾ ಇದ್ದದ್ದು ಯಾವ ಸುವಾರ್ತೆ? ಉತ್ತರ ಮತ್ತಾಯ 10ರಲ್ಲಿ ಉಂಟು. ಅನ್ಯಜನರ ಕಡೆಗೂ ಸಮಾರ್ಯದವರ ಕಡೆಗೂ ಹೋಗಬೇಡಿ, ಇಸ್ರಾಯೇಲಿನ ತಪ್ಪಿಹೋದ ಕುರಿಗಳ ಹತ್ತಿರ ಹೋಗಿ, ಪರಲೋಕ ರಾಜ್ಯ ಹತ್ತಿರ ಬಂತು ಅಂತ ಸಾರಿ. ದಾವೀದನಿಗೆ ಕೊಟ್ಟ ಮಾತಿನ ರಾಜ್ಯ, ಅದರ ಅರಸ ಬಂದಿದ್ದಾನೆ ಅನ್ನುವ ಸುದ್ದಿ ಅದು. ಇದನ್ನೇ ರಾಜ್ಯದ ಸುವಾರ್ತೆ ಅನ್ನುವುದು. ಹೊಸಬರಿಗೆ ಚಾರ್ಟ್ ತೋರಿಸುವ ಮೊದಲು ಈ ಮೂರು ಭಾಗಗಳನ್ನು ಓದಿಸಿ, ಮಾರಾಯ್ರೆ. ಚಾರ್ಟ್ ಯಾಕೆ ಹುಟ್ಟಿತು ಅಂತ ಅವರಿಗೇ ಹೊಳೆಯುತ್ತದೆ.

ಆಮೇಲೆ ಒಂದು ನೋಟ್‌ಬುಕ್ ಇಡಿ. ಸುವಾರ್ತೆ ಅನ್ನುವ ಮಾತು ಬಂದಲ್ಲೆಲ್ಲ ನಾಲ್ಕು ಪ್ರಶ್ನೆ ಕೇಳಿ ಬರೆದುಕೊಳ್ಳಿ. ಹೇಳುತ್ತಿರುವವರು ಯಾರು, ಯಾರಿಗೆ, ಸುದ್ದಿ ಏನು, ಕೇಳಿದವರು ಮಾಡಬೇಕಾದದ್ದು ಏನು. ಸುದ್ದಿ ಏನು ಅನ್ನುವುದನ್ನು ಬರೆಯುವಾಗ ಆ ಭಾಗದಲ್ಲಿ ಇರುವುದನ್ನಷ್ಟೇ ಬರೆಯಿರಿ, ನಿಮಗೆ ಮೊದಲೇ ಗೊತ್ತಿರುವುದನ್ನು ಸೇರಿಸಬೇಡಿ. ಇದೇ ಎಲ್ಲಕ್ಕಿಂತ ಕಷ್ಟ. ಗಲಾತ್ಯ 3:8ರಲ್ಲಿ ಅಬ್ರಹಾಮನಿಗೆ ಮುಂಚಿತವಾಗಿ ಸುವಾರ್ತೆ ಸಾರಲಾಯಿತು ಅಂತ ಉಂಟು, ಸುದ್ದಿ ಏನೆಂದರೆ ಅವನ ಮೂಲಕ ಎಲ್ಲ ಜನಾಂಗಗಳಿಗೂ ಆಶೀರ್ವಾದ. ಪ್ರಕಟನೆ 14:6-7ರಲ್ಲಿ ದೇವದೂತನೊಬ್ಬ ಆಕಾಶದ ನಡುವೆ ಹಾರುತ್ತಾ ನಿತ್ಯ ಸುವಾರ್ತೆ ಸಾರುತ್ತಾನೆ, ಅಲ್ಲಿನ ಮಾತು ದೇವರಿಗೆ ಭಯಪಡಿ, ತೀರ್ಪಿನ ಗಳಿಗೆ ಬಂತು, ಭೂಮಿ ಆಕಾಶ ಉಂಟುಮಾಡಿದವನನ್ನು ಆರಾಧಿಸಿ ಅನ್ನುವುದು. ಆ ಎರಡು ವಚನಗಳಲ್ಲಿ ಶಿಲುಬೆಯ ಹೆಸರೇ ಇಲ್ಲ. ಇನ್ನು 1 ಕೊರಿಂಥ 15ರ ಮೊದಲ ನಾಲ್ಕು ವಚನಕ್ಕೆ ಬನ್ನಿ. ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತನು, ಹೂಣಲ್ಪಟ್ಟನು, ಮೂರನೇ ದಿನ ಎದ್ದನು. ಅಪೊಸ್ತಲರ ಕೃತ್ಯಗಳು 20:24ರಲ್ಲಿ ಪೌಲನು ದೇವರ ಕೃಪೆಯ ಸುವಾರ್ತೆ ಅನ್ನುವುದು ಇದನ್ನೇ. ಸ್ಕೋಫೀಲ್ಡ್ ಕೂಡ ಪ್ರಕಟನೆ 14ರ ಟಿಪ್ಪಣಿಯಲ್ಲಿ ಸುವಾರ್ತೆಯ ನಾಲ್ಕು ರೂಪಗಳನ್ನು ಪಟ್ಟಿ ಮಾಡಿದ್ದಾರೆ. ಆದರೆ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ನೀವೇ ಹುಡುಕಿ ಬರೆದದ್ದು ಜಾಸ್ತಿ ನಿಲ್ಲುತ್ತದೆ.

ಕೃತ್ಯಗಳ ಪುಸ್ತಕ ನಿಧಾನಕ್ಕೆ ಓದಬೇಕು. ಅದು ಒಂದು ಕಾಲದಿಂದ ಇನ್ನೊಂದಕ್ಕೆ ದಾಟುವ ಹೊತ್ತಿನ ಪುಸ್ತಕ. 2ನೇ ಅಧ್ಯಾಯದಲ್ಲಿ ಪೇತ್ರನು ಯೆರೂಸಲೇಮಿನ ಯೆಹೂದ್ಯರಿಗೆ ತಿರುಗಿಕೊಳ್ಳಿ, ದೀಕ್ಷಾಸ್ನಾನ ಮಾಡಿಸಿಕೊಳ್ಳಿ, ಆಗ ಪವಿತ್ರಾತ್ಮ ದೊರೆಯುತ್ತಾನೆ ಅನ್ನುತ್ತಾನೆ. 10ನೇ ಅಧ್ಯಾಯದಲ್ಲಿ ರೋಮನ್ ಸೈನ್ಯದ ಕೊರ್ನೇಲ್ಯನ ಮನೆಯಲ್ಲಿ ಅದೇ ಪೇತ್ರ ಮಾತಾಡುತ್ತಿರುವಾಗಲೇ, ನಂಬುವ ಪ್ರತಿಯೊಬ್ಬನಿಗೂ ಪಾಪಕ್ಷಮೆ ಅಂದ ಕೂಡಲೇ ಆತ್ಮ ಇಳಿದುಬರುತ್ತಾನೆ, ನೀರಿನ ಮಾತು ಆಮೇಲೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಸಿ. ದೀಕ್ಷಾಸ್ನಾನ ಇಲ್ಲದೆ ರಕ್ಷಣೆ ಉಂಟಾ ಅನ್ನುವ ಜಗಳದ ಅರ್ಧ ಅಲ್ಲೇ ತಣ್ಣಗಾಗುತ್ತದೆ.

ಈಗ ಎಲ್ಲರೂ ಎಡವುವ ಜಾಗ. ಹಾಗಾದರೆ ಹಿಂದಿನವರು ಕ್ರಿಯೆಗಳಿಂದ ರಕ್ಷಣೆ ಪಡೆದರಾ? ಇಲ್ಲ. ಇದನ್ನು ಜೋರಾಗಿಯೇ ಹೇಳಬೇಕು. ಇಲ್ಲ. ಸ್ಕೋಫೀಲ್ಡರ ಯೋಹಾನ 1:17ರ ಟಿಪ್ಪಣಿ ರಕ್ಷಣೆಗೆ ಎರಡು ದಾರಿ ಉಂಟು ಅನ್ನುವ ಹಾಗೆ ಕೇಳಿಸಿ ತುಂಬ ಟೀಕೆ ಬಂತು, 1967ರ ಪರಿಷ್ಕೃತ ಆವೃತ್ತಿಯಲ್ಲಿ ಅದನ್ನು ತಿದ್ದಿದರು. 1965ರಲ್ಲಿ ಚಾರ್ಲ್ಸ್ ರೈರಿ ಎಂಬ ಪಂಡಿತರು ಇದನ್ನು ಸ್ಪಷ್ಟ ಮಾಡಿದರು, ನನ್ನ ಮಟ್ಟಿಗೆ ಇಡೀ ವಿಷಯದ ಬೀಗದ ಕೈ ಅದೇ. ಯಾವ ಕಾಲದಲ್ಲೂ ರಕ್ಷಣೆಗೆ ಆಧಾರ ಕ್ರಿಸ್ತನ ಮರಣ. ಮನುಷ್ಯನಿಂದ ಕೇಳುವುದು ನಂಬಿಕೆ. ನಂಬಬೇಕಾದದ್ದು ದೇವರನ್ನು. ಬದಲಾಗುವುದು ಆ ಕಾಲದಲ್ಲಿ ದೇವರು ತಿಳಿಸಿದ ವಿಷಯ ಮಾತ್ರ. ಅಬ್ರಹಾಮನಿಗೆ ನಕ್ಷತ್ರ ತೋರಿಸಿ ಸಂತಾನದ ಮಾತು ಕೊಟ್ಟ, ಅವನು ನಂಬಿದ, ಅದು ನೀತಿ ಅಂತ ಎಣಿಕೆಯಾಯಿತು. ಅವನಿಗೆ ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಗೊತ್ತಿರಲಿಲ್ಲ. ಆದರೆ ಅವನ ಲೆಕ್ಕವನ್ನೂ ತೀರಿಸಿದ್ದು ಗೊಲ್ಗೊಥಾ. ರೋಮಾಪುರದವರಿಗೆ ಬರೆದ ಪತ್ರದ 4ನೇ ಅಧ್ಯಾಯ ಇದಕ್ಕೆ ಸಾಕ್ಷಿ. ಪೌಲ ಅಲ್ಲಿ ಬೇಕೆಂದೇ ಇಬ್ಬರನ್ನು ಕರೆತರುತ್ತಾನೆ, ಧರ್ಮಶಾಸ್ತ್ರ ಬರುವ ಮೊದಲಿನ ಅಬ್ರಹಾಮ ಮತ್ತು ಧರ್ಮಶಾಸ್ತ್ರದ ಕೆಳಗಿದ್ದ ದಾವೀದ. ಇಬ್ಬರದ್ದೂ ಒಂದೇ ಕಥೆ. ಕೂಟದಲ್ಲಿ ಒಂದೇ ಸಂಜೆ ಸಿಗುವುದಾದರೆ ಆ ಸಂಜೆ ಪೂರ್ತಿ ಈ ಅಧ್ಯಾಯಕ್ಕೆ ಕೊಡಿ.

ಗಲಾತ್ಯ 2:7ಕ್ಕೆ ಬಂದಾಗ ಮತ್ತೆ ಜಾಗ್ರತೆ ಬೇಕು. ಸುನ್ನತಿಯಿಲ್ಲದವರಿಗೆ ಸುವಾರ್ತೆ ಪೌಲನ ಕೈಯಲ್ಲಿ, ಸುನ್ನತಿಯವರಿಗೆ ಪೇತ್ರನ ಕೈಯಲ್ಲಿ ಅಂತ ಉಂಟಲ್ವಾ? ಕೆಲವರು ಇಲ್ಲಿ ಎರಡು ಬೇರೆ ಬೇರೆ ಸುವಾರ್ತೆ ಕಾಣುತ್ತಾರೆ. ಸಭೆ ಹುಟ್ಟಿದ್ದು ಕೃತ್ಯ 2ರಲ್ಲಿ ಆತ್ಮ ಇಳಿದುಬಂದ ಪೆಂಟೆಕೋಸ್ಟ್ ದಿನ ಅಲ್ಲ, ಪೌಲನ ಕಾಲದಲ್ಲಿ ಅನ್ನುವವರು ಅವರು. ನಾನು ಒಪ್ಪುವುದಿಲ್ಲ. ಡಿಸ್ಪೆನ್ಸೇಷನ್ ಒಪ್ಪುವವರಲ್ಲೇ ಹೆಚ್ಚಿನವರು ಒಪ್ಪುವುದಿಲ್ಲ. ಕೆಲಸದ ಕ್ಷೇತ್ರ ಎರಡು, ಸುದ್ದಿ ಒಂದು. ಯಾಕೆಂದರೆ 1 ಕೊರಿಂಥ 15:11ರಲ್ಲಿ ಪೌಲನೇ ನಾನಾಗಲಿ ಉಳಿದ ಅಪೊಸ್ತಲರಾಗಲಿ ಸಾರುವುದು ಇದನ್ನೇ ಅನ್ನುತ್ತಾನೆ, ಕೃತ್ಯ 15:11ರಲ್ಲಿ ಪೇತ್ರನೂ ನಾವು ಆ ಅನ್ಯಜನರಂತೆಯೇ ಕೃಪೆಯಿಂದ ರಕ್ಷಣೆ ಹೊಂದುತ್ತೇವೆ ಅನ್ನುತ್ತಾನೆ. ಇದಕ್ಕಿಂತ ನೇರವಾದ ಮಾತು ಬೇಕಾ?

ಈ ಓದನ್ನು ಒಪ್ಪದವರ ಬಲವಾದ ಪ್ರಶ್ನೆಯನ್ನು ಮುಚ್ಚಿಡಬೇಡಿ. ಕೃತ್ಯ 20:24ರಲ್ಲಿ ಕೃಪೆಯ ಸುವಾರ್ತೆ ಅಂದ ಪೌಲ ಮರುವಚನದಲ್ಲೇ ರಾಜ್ಯವನ್ನು ಸಾರಿದೆ ಅನ್ನುತ್ತಾನೆ. ಪುಸ್ತಕದ ಕೊನೆಯ ವಚನದಲ್ಲೂ ರೋಮಿನಲ್ಲಿ ಅವನು ದೇವರ ರಾಜ್ಯ ಸಾರುತ್ತಲೇ ಇದ್ದಾನೆ. ಕೊಲೊಸ್ಸೆ 1:13 ನಾವು ಆಗಲೇ ಮಗನ ರಾಜ್ಯಕ್ಕೆ ಸೇರಿದ್ದೇವೆ ಅನ್ನುತ್ತದೆ. ಇದು ತಳ್ಳಿಹಾಕುವ ಮಾತಲ್ಲ. 1980ರ ದಶಕದಿಂದ ಈ ಪರಂಪರೆಯೊಳಗೇ ಒಂದು ಗುಂಪು ರಾಜ್ಯ ಒಂದು ರೀತಿಯಲ್ಲಿ ಈಗಲೇ ಶುರುವಾಗಿದೆ, ಪೂರ್ತಿಯಾಗುವುದು ಕ್ರಿಸ್ತ ಮತ್ತೆ ಬಂದಾಗ ಅಂತ ಹೇಳುತ್ತಾ ಬಂದಿದೆ. ಚಾರ್ಟಿನಲ್ಲಿ ಸ್ಕೇಲ್ ಇಟ್ಟು ಎಳೆದ ಗೆರೆಗಳಷ್ಟು ನೇರವಾಗಿ ಬೈಬಲಿನ ಪುಟಗಳು ಇಲ್ಲ. ಗೆರೆ ಉಂಟು, ಆದರೆ ಅದನ್ನು ದಾಟಿ ಹರಿಯುವುದೂ ಉಂಟು.

ಇನ್ನೊಂದು. ಇದು ನಮಗೆ ಬರೆದದ್ದಲ್ಲ ಅಂತ ಯೇಸುವಿನ ಬೆಟ್ಟದ ಪ್ರಸಂಗವನ್ನು (ಮತ್ತಾಯ 5ರಿಂದ 7) ಬದಿಗೆ ಸರಿಸುವವರನ್ನು ನೋಡಿದರೆ ನನಗೆ ನಿಜವಾಗಿ ಬೇಸರ ಆಗುತ್ತದೆ. ಯಾರಿಗೆ ಹೇಳಿದ್ದು ಅನ್ನುವುದು ಒಂದು ಪ್ರಶ್ನೆ, ಯಾರಿಗೆ ಉಪಯೋಗ ಅನ್ನುವುದು ಬೇರೆಯೇ ಪ್ರಶ್ನೆ. ದೈವಪ್ರೇರಿತವಾದ ಎಲ್ಲ ಶಾಸ್ತ್ರವೂ ಉಪಯುಕ್ತ ಅಂತ ಬರೆದವನು ಪೌಲನೇ.

ಕೊನೆಗೆ, ಬೇರೆಯವರಿಗೆ ಹೇಳುವಾಗ ಏಳು ಯುಗ ತೆಗೆಯಬೇಡಿ. ಆಸ್ಪತ್ರೆಯ ಮಂಚದ ಪಕ್ಕ ಕೂತಿರುವಾಗ, ಸಾವಿನ ಮನೆಯಲ್ಲಿ, ಪಕ್ಕದ ಮನೆಯ ಅಕ್ಕ ನಿಮ್ಮ ಯೇಸು ಎಂತ ಮಾಡಿದ್ದು ಅಂತ ಕೇಳಿದಾಗ, 1 ಕೊರಿಂಥ 15ರ ಆ ಮೂರು ಮಾತು ಸಾಕು. ನಮ್ಮ ಪಾಪಕ್ಕಾಗಿ ಸತ್ತ, ಹೂಣಿದರು, ಮೂರನೇ ದಿನ ಎದ್ದ. ಅವನನ್ನು ನಂಬಿ. ಫಿಲಿಪ್ಪಿಯ ಸೆರೆಯ ಯಜಮಾನ ರಕ್ಷಣೆಗೆ ನಾನೇನು ಮಾಡಬೇಕು ಅಂದಾಗ ಸಿಕ್ಕ ಉತ್ತರವೂ ಅಷ್ಟೇ. ಅವರ ಮನೆಮಾತು ತುಳುವಾದರೆ ತುಳುವಿನಲ್ಲಿ, ಕೊಂಕಣಿಯಾದರೆ ಕೊಂಕಣಿಯಲ್ಲಿ ಹೇಳಿ. ತುಳುವಿನ ಹೊಸ ಒಡಂಬಡಿಕೆ ಮಂಗಳೂರಿನಲ್ಲಿ 1847ರಲ್ಲೇ ಅಚ್ಚಾಗಿದೆ, ಆ ಭಾಷೆಗೆ ಈ ಸುದ್ದಿ ಹೊಸದಲ್ಲ. ಯಾವ ಸಭೆಗೆ ಸೇರಬೇಕು, ದೀಕ್ಷಾಸ್ನಾನ ಮಗುವಾಗಿದ್ದಾಗ ಆದದ್ದು ಸಾಕಾ ಸಾಲದಾ ಅನ್ನುವ ಪ್ರಶ್ನೆಗಳು ಬರುತ್ತವೆ, ಬರಲಿ. ಅವಕ್ಕೆ ಇನ್ನೊಂದು ದಿನ ಕೂತು ಮಾತಾಡಿ, ಅವರು ಕೇಳಿದರೆ ಮಾತ್ರ.